ಕಾಗದದ ಗೊಂಬೆ, ಐದೂವರೆ ಮೀಟರ್ ಸೀರೆ

ಸೀರೆ ಅಂಗಡಿಯ ಗೊಂಬೆಯನ್ನು ಕಾಗದದಲ್ಲಿ ಮಾಡುತ್ತೇನೆ ಅಂದಾಗ ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಒಬ್ಬ ಸಾವುಕಾರರೂ ನಂಬಲಿಲ್ಲ. "ಮಳಿಗಾಲ ಬಂತಂದ್ರ ಮೆತ್ತಗಾಗಿ ಕುಸೀತದ್ರಿ, ಇಲಿ ಬಿಡ್ತಾವೇನ್ರಿ?" ಎಂದರು. ನನ್ನ ಜೊತೆಗೇ ಫೈಬರ್ (ಗಾಜಿನ ನಾರಿನ) ಗೊಂಬೆ ಕೆಲಸ ಕಲಿತ ಗೆಳೆಯ, "ಅದು ಗಣಪತಿ ಮಾಡೋರ ಕೆಲ್ಸ, ನಿನಗ್ಯಾಕ ಬೇಕಪಾ" ಎಂದ. ಆ ಗೊಂಬೆಗಳು ಮಳೆಗಾಲ ಕಳೆದು, ದೀಪಾವಳಿ ವ್ಯಾಪಾರವನ್ನೂ ಮುಗಿಸಿ ನೆಟ್ಟಗೆ ನಿಂತಿವೆ. ಬೇಡ ಅಂದಿದ್ದ ಸಾವುಕಾರರೇ ಈಗ ಫೋನ್ ಮಾಡುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಅಚ್ಚು ತೆಗೆಯುವುದು, ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಕಲಸುವುದು ಗೊಂಬೆ ಮಾಡುವ ನಿಮಗೆಲ್ಲ ಗೊತ್ತಿರುವ ವಿಷಯ, ಅದನ್ನು ಬಿಡುತ್ತೇನೆ.

ಫೈಬರ್ ಬಿಡಲು ಮೊದಲ ಕಾರಣ ನಮ್ಮ ಬಿಸಿಲು. ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ದಾಟುತ್ತದೆ, ತಗಡಿನ ಶೆಡ್ಡಿನೊಳಗೆ ಇನ್ನೂ ಹೆಚ್ಚು. ಗಟ್ಟಿಯಾಗಿಸುವ ಹಾರ್ಡನರ್ ಎಷ್ಟು ಕಡಿಮೆ ಹಾಕಿದರೂ ರೆಸಿನ್ (ಅಂಟುದ್ರವ) ಗಾಜಿನ ನಾರಿನ ಮ್ಯಾಟ್‌ಗೆ ಇಳಿಯುವ ಮೊದಲೇ ಬಕೆಟ್ಟಿನಲ್ಲಿ ಗಟ್ಟಿಯಾಗುತ್ತದೆ. ತೀರಾ ಕಡಿಮೆ ಮಾಡಿದರೆ ಮೇಲ್ಮೈಯ ಜೆಲ್‌ಕೋಟ್ ಪದರ ಸರಿಯಾಗಿ ಕೂಡದೆ ಸುಕ್ಕುಗಟ್ಟುತ್ತದೆ. ಒಂದು ಬೇಸಿಗೆಯಲ್ಲಿ ಹೀಗೆ ಹದಿನೈದು ಇಪ್ಪತ್ತು ಸಾವಿರದ ಮಾಲು ಕಸಕ್ಕೆ ಹೋಯಿತು. ರಾತ್ರಿ ಕೆಲಸ ಮಾಡಿ ನೋಡಿದೆ, ವಾಸನೆಗೆ ಓಣಿಯವರು ಜಗಳಕ್ಕೆ ಬಂದರು.

ಎರಡನೆಯ ಕಾರಣ ಗುಂಡುಸೂಜಿ. ಫೈಬರ್ ಮೈಗೆ ಸೂಜಿ ಇಳಿಯುವುದಿಲ್ಲ. ನೆರಿಗೆ ನಿಲ್ಲಿಸಲು ಅಂಗಡಿ ಹುಡುಗರು ಟೇಪ್ ಹಚ್ಚುತ್ತಾರೆ, ಸೆಕೆಗೆ ಅದರ ಅಂಟು ರೇಷ್ಮೆಗೆ ಇಳಿದು ಕಲೆಯಾಗುತ್ತದೆ. ಕಾಗದದ ಮೈ ಸೂಜಿ ಹಿಡಿಯುತ್ತದೆ. 1867ರಲ್ಲಿ ಶುರುವಾದ ಪ್ಯಾರಿಸಿನ ಸ್ಟಾಕ್‌ಮನ್ ಕಾರ್ಖಾನೆ ಇವತ್ತಿಗೂ ದರ್ಜಿಗಳ ಗೊಂಬೆಯನ್ನು ಕಾಗದದ ಪದರದಲ್ಲೇ ಮಾಡುತ್ತದೆ. ಗೆಳೆಯನಿಗೆ ಇದನ್ನು ಹೇಳಿದಾಗ ಸುಮ್ಮನಾದ, ಆದರೆ ಒಪ್ಪಲಿಲ್ಲ.

ಅಳತೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಮುಂಬೈ, ದಿಲ್ಲಿ ಕಡೆಯಿಂದ ಬರುವ ಗೊಂಬೆ ಐದು ಅಡಿ ಹತ್ತು ಇಂಚು, ಕೆಲವು ಆರಡಿ. ಹಿಮ್ಮಡಿ ಎತ್ತಿ ನಿಂತಿರುತ್ತವೆ, ಸೊಂಟ 24 ಇಂಚು. ಸೀರೆಯ ಪನ್ನ (ಅಗಲ) 45ರಿಂದ 47 ಇಂಚು. ಅಷ್ಟು ಎತ್ತರದ ಸೊಂಟಕ್ಕೆ ಸಿಕ್ಕಿಸಿದರೆ ಕೆಳಗಿನ ಅಂಚು ಪಾದ ಮುಚ್ಚುವುದಿಲ್ಲ, ಸಾವಿರಾರು ರೂಪಾಯಿಯ ಇಳಕಲ್ ಸೀರೆಯೂ ಗಿಡ್ಡ ಕಾಣುತ್ತದೆ. ನನ್ನ ಗೊಂಬೆ ಐದು ಅಡಿ ನಾಲ್ಕು ಇಂಚು, ಸೊಂಟ 30, ಪಾದ ನೆಲಕ್ಕೆ ಪೂರಾ ಊರಿದೆ. ಅಂಗಡಿಯಲ್ಲಿ ಸೀರೆ ಕೊಳ್ಳುವ ಅಕ್ಕಂದಿರ ಮೈಕಟ್ಟೂ ಅದೇ ಅಲ್ಲವೇ? ಭುಜವನ್ನು ಸ್ವಲ್ಪ ಇಳಿಜಾರು ಮಾಡಿದೆ, ಆದರೆ ಎಡಭುಜವನ್ನು ಕೂದಲೆಳೆಯಷ್ಟು ಎತ್ತರ ಇಟ್ಟಿದ್ದೇನೆ. ಸೆರಗು ಜಾರುವುದಿಲ್ಲ.

ನಿಲುವನ್ನು ಕಲಿತದ್ದು ಬೀದರ್ ಜಿಲ್ಲೆಯ ಜಲಸಂಗಿಯಲ್ಲಿ. ಅಲ್ಲಿನ ಚಾಲುಕ್ಯ ಗುಡಿಯ ಹೊರಗೋಡೆಯ ಶಿಲಾಬಾಲಿಕೆಯರನ್ನು, ಅದರಲ್ಲೂ ಶಾಸನ ಬರೆಯುತ್ತಿರುವ ಆ ಹೆಣ್ಣನ್ನು, ನೋಟ್‌ಬುಕ್ ಹಿಡಿದು ಸುತ್ತು ಹಾಕಿ ನೋಡಿದೆ. ಭಾರವೆಲ್ಲ ಒಂದು ಕಾಲಿನ ಮೇಲೆ, ಸೊಂಟ ಒಂದು ಕಡೆ, ಭುಜ ಇನ್ನೊಂದು ಕಡೆ. ಅಷ್ಟು ಬಾಗು ಸೀರೆಗೆ ಹೆಚ್ಚಾಗುತ್ತದೆ, ನೆರಿಗೆ ಬಾಯಿ ಬಿಡುತ್ತದೆ. ಮಣ್ಣಿನ ಮಾದರಿಯಲ್ಲಿ ಸೊಂಟವನ್ನು ಒಂದೂವರೆ ಇಂಚಿನಷ್ಟು ಸರಿಸಿದೆ, ಸಾಕಾಯಿತು. ಸತ್ತಂತೆ ನಿಲ್ಲುವ ಗೊಂಬೆಗೂ ಈಗಷ್ಟೇ ತಿರುಗಿ ನೋಡಿದಂತಿರುವ ಗೊಂಬೆಗೂ ಇರುವ ವ್ಯತ್ಯಾಸ ಅಷ್ಟೇ.

ಅಂಟಿಗೆ ಮೊದಲು ಮೈದಾ ಹಿಡಿದೆ. ಜಿರಳೆ ಬಂದವು, ಬೂಸ್ಟು ಬಂತು. ಕೊಪ್ಪಳದ ಕಿನ್ನಾಳದ ಕಲಾವಿದರು ಹುಣಸೆ ಬೀಜದ ಅಂಟು ಬಳಸುವುದನ್ನು ನೋಡಿ ಅದಕ್ಕೆ ಬದಲಾದೆ. ಬೀಜ ಹುರಿದು, ಕೆಂಪು ಸಿಪ್ಪೆ ತೆಗೆದು, ನೆನೆಸಿ ರುಬ್ಬಿ ಕುದಿಸಬೇಕು. ಬೂಸ್ಟು ಹಿಡಿಯದಂತೆ ಹತ್ತು ಲೀಟರಿಗೆ 50 ಗ್ರಾಂ ಆಸುಪಾಸು ಮೈಲುತುತ್ತ (ತಾಮ್ರದ ನೀಲಿ ಉಪ್ಪು). ಅದು ವಿಷ, ಅಡುಗೆಯ ಪಾತ್ರೆ ಹತ್ತಿರಕ್ಕೂ ಬರಬಾರದು. ಕಬ್ಬಿಣದ ಬಾನಿಯೂ ಬೇಡ, ತುತ್ತದಲ್ಲಿನ ತಾಮ್ರ ಕಬ್ಬಿಣಕ್ಕೆ ಹತ್ತಿ ಪಾತ್ರೆ ತಿನ್ನುತ್ತದೆ. ತುತ್ತ ಬೆರೆಸಲು ಪ್ಲಾಸ್ಟಿಕ್ ಬಕೆಟ್ ಸಾಕು.

ಅಚ್ಚಿನೊಳಗೆ ಹಚ್ಚುವ ಕಾಗದದ ಪದರಗಳು ಎಂಟರಿಂದ ಹತ್ತು. ಒಂದು ಪದರ ಪತ್ರಿಕೆ, ಒಂದು ಪದರ ಖಾಕಿ ಕಾಗದ. ಬಣ್ಣ ಬೇರೆ ಇದ್ದರೆ ಎಲ್ಲಿ ಬಿಟ್ಟಿದೆ ಎಂದು ಕಣ್ಣಿಗೆ ಬೀಳುತ್ತದೆ. ಕತ್ತರಿ ಮುಟ್ಟಿಸಬೇಡಿ, ಕೈಯಿಂದಲೇ ಹರಿಯಿರಿ, ಅಂಚಿನ ನಾರು ಒಂದರೊಳಗೊಂದು ಕೂಡುತ್ತದೆ. ನನಗೆ ಅತಿ ಹೆಚ್ಚು ನಷ್ಟವಾದದ್ದು ಒಣಗಿಸುವಲ್ಲಿ. ಎಲ್ಲ ಪದರ ಒಂದೇ ದಿನ ಹಚ್ಚಿದರೆ ಮೇಲೆ ಒಣಗಿ ಒಳಗೆ ಹುಳಿ ವಾಸನೆ. ನೇರ ಬಿಸಿಲಿಗಿಟ್ಟರೆ ಬಿಸಿಲು ಬಿದ್ದ ಕಡೆ ಮೊದಲು ಕುಗ್ಗಿ ಇಡೀ ಬೆನ್ನು ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಈಗ ಮೂರು ಪದರ ಹಚ್ಚಿ, ನೆರಳಲ್ಲಿ ಗಾಳಿಗಿಟ್ಟು, ಪೂರಾ ಒಣಗಿದ ಮೇಲೆ ಮುಂದಿನ ಮೂರು. ಏಪ್ರಿಲ್, ಮೇ ಬಿಸಿಗಾಳಿಗೆ ಒಂದು ಸುತ್ತು ಮರುದಿನಕ್ಕೆ ಒಣಗುತ್ತದೆ, ಶ್ರಾವಣದಲ್ಲಿ ನಾಲ್ಕೈದು ದಿನ ಬೇಕು. ರೆಸಿನ್ ಕೆಡಿಸಿದ ಸೆಕೆಯೇ ಈಗ ನನ್ನ ಭಟ್ಟಿ, ಕರೆಂಟಿನ ಖರ್ಚಿಲ್ಲ. ಅಚ್ಚಿನ ಅಂಚಿನಿಂದ ಒಂದಿಂಚು ಹೊರಗೆ ಕಾಗದ ಬಿಡಿ, ಕುಗ್ಗಿದ ಮೇಲೆ ಕೊಯ್ಯಿರಿ. ಎದೆ, ಸೊಂಟ, ಪೃಷ್ಠ ಈ ಮೂರು ಕಡೆ ಒಳಗೆ ಬಿದಿರಿನ ಸೀಳಿನ ಬಳೆ ಕೂಡಿಸಿದ ಮೇಲೆ ಮೈ ಅದುಮುವುದು ನಿಂತಿತು.

ತೊಗರಿ ನಾಡಲ್ಲವೇ ನಮ್ಮದು, ತೊಗರಿ ಹೊಟ್ಟನ್ನು ಕಾಗದದ ಹಿಟ್ಟಿಗೆ ಬೆರೆಸಿಯೂ ನೋಡಿದೆ. ಗೊಂಬೆ ಇನ್ನೂ ಹಗುರಾಯಿತು, ಮೇಲ್ಮೈ ನೋಡಲು ಚಂದ. ಆದರೆ ಸೂಜಿ ಚುಚ್ಚಿದಲ್ಲೆಲ್ಲ ಪುಡಿ ಉದುರಿತು, ಹುಳವೂ ಬಿತ್ತು. ತಲೆ ಮಾತ್ರ ಮಾಡಲು ಅದು ಬರಬಹುದು, ಪೂರ್ತಿ ಕೈಬಿಟ್ಟಿಲ್ಲ.

ಕಾಗದದ ಮೈ ಐದು ಕೆಜಿ ಸುಮಾರು, ಫೈಬರಿನ ಅರ್ಧ. ಫ್ಯಾನ್ ಗಾಳಿಗೆ ಬೀಳುತ್ತದೆ ಎಂಬ ದೂರು ಬಂತು. ಪೀಠಕ್ಕೆ ಶಹಾಬಾದ್ ಫರಸಿ ಹಾಕಿದೆ. ಒಂದಡಿ ಅಗಲದ ದುಂಡು ಕಲ್ಲು ಐದಾರು ಕೆಜಿ ತೂಗುತ್ತದೆ, ಮಧ್ಯೆ ತೂತು ಹೊಡೆದು 12 ಎಂಎಂ ಸರಳು. ಕೊಯ್ಯುವ ಕೂಲಿ ಸೇರಿ ನೂರೈವತ್ತು ರೂಪಾಯಿ. ಇದಕ್ಕಿಂತ ಸೋವಿ ಪೀಠ ಯಾವ ಊರಲ್ಲೂ ಸಿಗದು.

ಮೇಲೆ ಚಾಕ್ ಪುಡಿ, ಫೆವಿಕಾಲ್ ಲೇಪ, 120ರ ಮರಳು ಕಾಗದ, ಆಮೇಲೆ 220. ಮಳೆಗಾಲದ ತೇವ ತಡೆಯುವುದು ಅದಕ್ಕೂ ಕೆಳಗಿನ ಒಂದು ಲೇಪ. ಅದರಲ್ಲಿ ಏನಿದೆ ಎನ್ನುವುದನ್ನು ಹೇಳುವುದಿಲ್ಲ, ಅದು ನನ್ನ ಅನ್ನ. ಬಣ್ಣ ಹೊಳಪಿಲ್ಲದ ಮ್ಯಾಟ್ ಆಗಿರಲಿ, ಹೊಳಪಿನ ಮೈ ಮೇಲೆ ರೇಷ್ಮೆ ಜಾರುತ್ತದೆ. ಬಿಳಿ ಮೈಯೇ ಬೇಕೆಂದು ಹಟ ಹಿಡಿದ ಒಬ್ಬ ಸಾವುಕಾರರಿಗೆ ಗೋದಿ ಬಣ್ಣದ್ದನ್ನೂ ಪಕ್ಕದಲ್ಲಿ ನಿಲ್ಲಿಸಿ ತೋರಿಸಿದೆ. ಹಸಿರು ಇಳಕಲ್ ಯಾವುದರ ಮೇಲೆ ಎದ್ದು ಕಾಣುತ್ತದೆ ಎಂದು ಅವರ ಮನೆಯವರೇ ತೀರ್ಪು ಕೊಟ್ಟರು.

ಲೆಕ್ಕಕ್ಕೆ ಬಂದರೆ, ಹೊರಗಿನ ಫೈಬರ್ ಗೊಂಬೆ ಸಾಗಾಟ ಸೇರಿ ಏಳೆಂಟು ಸಾವಿರ ಬೀಳುತ್ತದೆ. ನನ್ನದಕ್ಕೆ ಸಾಮಾನು ಒಂಬೈನೂರು, ಸಾವಿರದ ಒಳಗೆ. ಕೂಲಿಯೇ ದೊಡ್ಡದು, ಇಬ್ಬರು ಹೆಣ್ಣುಮಕ್ಕಳು ಕಾಗದ ಹಚ್ಚುತ್ತಾರೆ, ಅವರ ಕೈ ನನ್ನದಕ್ಕಿಂತ ಚೊಕ್ಕ. ನಾಲ್ಕೂವರೆ ಸಾವಿರಕ್ಕೆ ಕೊಡುತ್ತೇನೆ, ಸಾವಿರದ ಮೇಲೆ ಉಳಿಯುತ್ತದೆ. ಕೈಗಳ ಕೀಲು ಇನ್ನೂ ಪೂರ್ತಿ ಸರಿಹೋಗಿಲ್ಲ. ಬೇವಿನ ಗೂಟ ಮಳೆಗೆ ಉಬ್ಬಿ ಬಿಗಿಯಾಗುತ್ತದೆ, ಬೇಸಿಗೆಗೆ ಸಡಿಲಾಗುತ್ತದೆ. ಈಗ ಪೈಪಿನ ತುಂಡು ಕೂಡಿಸಿ ನೋಡುತ್ತಿದ್ದೇನೆ. ಯಾರಾದರೂ ಇದನ್ನು ಗೆದ್ದಿದ್ದರೆ ತಿಳಿಸಿ, ಅಳತೆಯ ನಕ್ಷೆ ಬದಲಿಗೆ ಕೊಡುತ್ತೇನೆ.