ಟಿಡಿಎಸ್ ಒಂದೇ, ನೀರು ಬ್ಯಾರೆ: ಮನ್ಯಾಗ ಗಡಸುತನ ಅಳದು ರಾಮ್ ಮೀನಿನ ಮರಿ ತಗದ ನನ್ನ ಅನುಭವ

ಈಗ ನಮ್ಮ ಎರಡನೇ ಮೀನಿನ ಟ್ಯಾಂಕಿನಾಗ ಬ್ಲೂ ರಾಮ್ ಅನ್ನೋ ಅಲಂಕಾರದ ಮೀನಿನ ಮರಿ ಎಪ್ಪತ್ತರ ಮ್ಯಾಲ ಅವ. ಕಲಬುರಗಿ ಕಡಿ ನಮ್ಮ ಶಹಾಬಾದಿನ ಗಡಸು ನೀರಾಗ ರಾಮ್ ಮರಿ ಆಗಂಗಿಲ್ಲ, ಗಪ್ಪಿ, ಮಾಲಿ ಅಂಥ ಮೀನ ಸಾಕ್ಕೊಂಡು ಸುಮ್ಮನಿರು ಅಂದವ್ರು ಭಾಳ ಮಂದಿ, ಅದಕ್ಕಂತಲೇ ಇಷ್ಟು ಬರೀಲಿಕತ್ತೀನಿ.

ನಮ್ಮ ನೆಲ ಗೊತ್ತದ ಅಲ್ರೀ, ಕೆಳಗ ಪೂರಾ ಸುಣ್ಣದ ಕಲ್ಲು, ಬೋರಿನ ನೀರಾಗ ಗೀಜರಿಗೆ ಬಿಳಿ ಪರಿ ಕಟ್ತದ, ತೊಗರಿ ಬ್ಯಾಳಿ ಬೇಯಂಗಿಲ್ಲ. ಅದಕ್ಕ ಅಪ್ಪಾಜಿ ಮನಿಗೆ ನೀರಿನ ಗಡಸುತನ (ಕ್ಯಾಲ್ಸಿಯಂ, ಮೆಗ್ನೀಷಿಯಂ) ಇಳಸೋ ಸಾಫ್ಟ್‌ನರ್ ಹಚ್ಚಿಸಿದ್ರು, ಅದರ ಶಕ್ತಿ ತಿರುಗಿ ಬರಲಿ ಅಂತ ಹತ್ತು ದಿನಕ್ಕೊಮ್ಮೆ ಅದಕ್ಕ ಉಪ್ಪಿನ ನೀರು ಬಿಡೋದು. ನಾ ಅದೇ ನಳದ ನೀರು ಟ್ಯಾಂಕಿಗೆ ಹಾಕ್ತಿದ್ದೆ. ಒಮ್ಮೆ ನೀರು ಬದಲಿಸಿದ್ರ ಮೀನ ಆರಾಮ, ಇನ್ನೊಮ್ಮೆ ಬದಲಿಸಿದ್ರ ಎರಡು ದಿನದಾಗ ಮೂಲಿ ಹಿಡಿದು ಕೂಡ್ತಿದ್ವು, ನಿಯಾನ್ ಮೀನ ಅಂತೂ ಹನ್ನೆರಡಕ್ಕ ಒಂಬತ್ತು ಸತ್ವು, ರಾಮ್ ಮೊಟ್ಟಿ ಇಟ್ರೂ ಬೆಳ್ಳಗಾಗಿ ಬೂಷ್ಟು ಹತ್ತಿ ಹೋಗ್ತಿದ್ವು. ಹೈದರಾಬಾದಿನಿಂದ ತಂದ ನಾಕು ಜೋಡಿ ಮೀನಿಂದು ಗಾಡಿ ಖರ್ಚು ಹಿಡಿದು ಎರಡು ಸಾವಿರ ಹೋಯ್ತು.

ಮೀನಿನ ಅಂಗಡಿಗೆ ಹೋದ್ರ "ಟಿಡಿಎಸ್ ಎಷ್ಟದ್ರೀ" ಅಂತ ಕೇಳ್ತಾರ, ಅಂದ್ರ ನೀರಾಗ ಕರಗಿದ್ದೆಲ್ಲಾ ಒಟ್ಟು ಎಷ್ಟು ಅಂತ ಮೀಟರ್ ತೋರಿಸೋ ಲೆಕ್ಕ. ಪ್ರತಿ ಸಲ ಎಂಟುನೂರಾ ಎಂಬತ್ತು, ಒಂಬೈನೂರು, ಅಷ್ಟೇ. ಪಿಎಚ್ (ಆಮ್ಲ-ಕ್ಷಾರದ ಅಳತಿ) ಸೈತ ಎಂಟರ ಸುತ್ತ. "ನೀರು ಒಂದೇ ಅದ, ನಿಮ್ಮ ಫಿಲ್ಟರೇ ಸರಿ ಇಲ್ಲ" ಅಂತ ಹೊಸ ಫಿಲ್ಟರ್ ಕೊಟ್ಟು ಕಳಿಸಿದ್ರು, ಹದಿನೆಂಟುನೂರು ಅದಕ್ಕ. ಗಡಸುತನ ಅಳಿಯೋ ಬಣ್ಣದ ಸ್ಟ್ರಿಪ್ ತಂದೆ, ಐನೂರೋ ಆರುನೂರೋ, ಬೋರಿನ ನೀರಿಗೆ ಅದ್ದಿದ್ರ ಕಡೀ ಬಣ್ಣಕ್ಕ ಹೋಗಿ ನಿಲ್ತದ, ಅದರ ಮುಂದ ಎಷ್ಟದ ಅಂತ ಗೊತ್ತೇ ಆಗಂಗಿಲ್ಲ. ಹನಿ ಕಿಟ್ ಛಲೋನೇ ಅದ ಆದ್ರ ನಮ್ಮ ನೀರಿಗೆ ಮೂವತ್ತೈದು ಮೂವತ್ತಾರು ಹನಿ ಬೇಕು, ಎಣಿಸೋದು ನಡುವ ತಪ್ತದ, ಇಪ್ಪತ್ತು ಸಲಕ್ಕ ಬಾಟ್ಲಿ ಖಾಲಿ.

ಸುಳಿವು ಕೊಟ್ಟಾಕಿ ನಮ್ಮ ಅವ್ವ. ಒಂದಿನ ಕುಕ್ಕರ್ ಇಳಿಸ್ತಾ "ಉಪ್ಪು ಬಿಟ್ಟ ದಿನ ಬ್ಯಾಳಿ ಮೂರು ಸೀಟಿಗೆ ಬೇಯ್ತದ ನೋಡು, ಎಂಟೊಂಬತ್ತು ದಿನ ಆದ್ರ ಐದು ಬೇಕು" ಅಂದ್ಳು. ಅವಾಗ ತಲ್ಯಾಗ ಬಂತು. ಸಾಫ್ಟ್‌ನರ್ ಕ್ಯಾಲ್ಸಿಯಂ ಮೆಗ್ನೀಷಿಯಂ ತಗೊಂಡು ಸೋಡಿಯಂ ಬಿಡ್ತದ, ಮೀಟರಿಗೆ ಎರಡೂ ಒಂದೇ ಲೆಕ್ಕ, ಮೀನಿಗೆ ಅಲ್ಲ.

ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಾಗ ಇರೋ ಗೆಳೆಯನ ಹಂತೇಕ ಹೋಗಿ ಇಡಿಟಿಎ ಟೈಟ್ರೇಷನ್ ಮನ್ಯಾಗೇ ಮಾಡ್ತೀನಿ ಅಂದೆ. ಇಡಿಟಿಎ ಕ್ಯಾಲ್ಸಿಯಂ ಮೆಗ್ನೀಷಿಯಂ ಹಿಡೀತದ, ಬಣ್ಣ ತಿರುಗೋತನ ಅದು ಎಷ್ಟು ಹೋಯ್ತು ಅನ್ನೋದರ ಮ್ಯಾಲ ಗಡಸುತನದ ಲೆಕ್ಕ. "ಲೇ, ಬ್ಯೂರೆಟ್ ಇಲ್ಲದೇ ಹೆಂಗ ಮಾಡ್ತಿ, ಆಗಂಗಿಲ್ಲ ಬಿಡು" ಅಂದ. ಬ್ಯೂರೆಟ್ ಅಂದ್ರ ಅಳತಿ ಗೆರಿ ಇರೋ ಗಾಜಿನ ನಳಿಗಿ, ನಾ ಅದರ ಬದಲಿ ಸಿರಿಂಜ್ ಹಿಡದೆ. ಹತ್ತು ಎಂಎಲ್ ನೀರಿಗೆ 0.01 ಮೋಲಾರ್ ಇಡಿಟಿಎ ಒಂದು ಎಂಎಲ್ ಹೋದ್ರ ಗಡಸುತನ ನೂರು ಪಿಪಿಎಂ (ಲೀಟರಿಗೆ ನೂರು ಮಿಲಿಗ್ರಾಂ). ನಲವತ್ತು ಗೆರಿ ಇರೋ ಒಂದು ಎಂಎಲ್ ಇನ್ಸುಲಿನ್ ಸಿರಿಂಜಿನಾಗ ಒಂದು ಗೆರಿ ಅಂದ್ರ ಎರಡೂವರಿ ಪಿಪಿಎಂ, ಇಷ್ಟು ಸೂಕ್ಷ್ಮ ಆ ಹನಿ ಕಿಟ್ ಕೊಡಂಗಿಲ್ಲ. ಬೋರಿನ ನೀರಿಗೆ ದೊಡ್ಡ ಸಿರಿಂಜ್.

ಲೀಟರಿಗೆ 3.72 ಗ್ರಾಂ ಇಡಿಟಿಎ (ಡೈಸೋಡಿಯಂ) ಪೌಡರ್ ಬೇಕು, ಮನಿ ತಕ್ಕಡಿ ನಂಬಲಿಲ್ಲ, ಕಲಬುರಗಿ ಸರಾಫ್ ಬಜಾರಿನಾಗ ಪರಿಚಯದ ಅಕ್ಕಸಾಲಿಗರ ತಕ್ಕಡ್ಯಾಗ ತೂಗಿಸಿದೆ. ಮೊದಲ ಬಾಟ್ಲಿ ಹಾಳಾಯ್ತು, ಕುಡಿಯೋ ಕ್ಯಾನ್ ನೀರಾಗ ಕಲಿಸಿದ್ದೆ, ಆ ನೀರಿನ ಕ್ಯಾಲ್ಸಿಯಮ್ಮೇ ಜರಾ ಇಡಿಟಿಎ ತಿಂದು ಲೆಕ್ಕ ತಪ್ತು. ಎರಡನೇದು ಇನ್ವರ್ಟರಿಗೆ ಹಾಕೋ ಬ್ಯಾಟರಿ ನೀರಾಗ ಮಾಡ್ದೆ, ಬರೋಬ್ಬರಿ ಬಂತು. ಗಡಸುತನ ಇರೋತನ ಕೆಂಪು, ಮುಗದ ಮ್ಯಾಲ ನೀಲಿ ತೋರಿಸೋ ಇಬಿಟಿ ಬಣ್ಣದ ದ್ರಾವಣ ನಮ್ಮ ಬ್ಯಾಸಿಗಿ ಬಿಸಲಿಗೆ ತಿಂಗಳೂ ತಡೀಲಿಲ್ಲ, ಪೌಡರನ್ನ ಒಣ ಉಪ್ಪಿನ ಜೋಡಿ ಅರದು ಇಟ್ಟೀನಿ, ಇನ್ನೂ ಅದೇ ನಡದದ. ಅಳಿಯೋವಾಗ ಪಿಎಚ್ ಕಾಯೋ ಬಫರಿಂದು ಸೇರಿ ಎಲ್ಲಾ ಖರ್ಚು ಏಳುನೂರರ ಒಳಗ, ಇನ್ನೂರು ಸಲ ಅಳೀಬಹುದು.

ಬಣ್ಣ ಹಿಡಿಯೋದೇ ಕೈಚಳಕ. ಮೊದಲ ವಾರ ರಾತ್ರಿ ಹಳದಿ ಬಲ್ಬಿನ ಕೆಳಗ ಮಾಡಿ ಮಾಡಿ ಹೈರಾಣಾದೆ, ಎರಡು ಸಲಕ್ಕ ಎರಡು ಉತ್ತರ. ಈಗ ಮುಂಜಾನಿ ಮಾಳಗಿ ಮ್ಯಾಲ, ಕೆಳಗ ಬಿಳಿ ಬಸಿ. ಇಬಿಟಿ ಹಾಕಿದ ನೀರು ಕೋಕಂ ಶರಬತ್ತಿನಂಗ ಕೆಂಪಗ ಇರ್ತದ, ಇಡಿಟಿಎ ಹನಿ ಹನಿ ಬಿಟ್ಟು ಅಲುಗಾಡಿಸ್ತಾ ಹೋದಂಗ ನೇರಳಿ ಆಗ್ತದ, ಅಲ್ಲಿ ಮೋಸ ಹೋಗಬ್ಯಾಡ್ರಿ, ಇನ್ನೊಂದು ಎರಡು ಗೆರಿ ಮುಂದ ಅಂಗಿಗೆ ಹಾಕೋ ನೀಲಿಯಂಗ ಪೂರಾ ನೀಲಿ, ಕೆಂಪಿನ ನೆಳ್ಳೂ ಇರಂಗಿಲ್ಲ, ಅದೇ ಕಡೀ ಗೆರಿ. ಬರೇ ಆರ್‌ಒ ನೀರಿನಾಗ ಈ ಬದಲಾವಣಿ ಚೂಪು ಬರಂಗಿಲ್ಲ, ಅದಕ್ಕ ನಾ ಒಂದು ಚಿಟಿಕಿ ಬ್ಯಾರೇನೋ ಹಾಕ್ತೀನಿ, ಅದು ನನ್ನ ಹಂತೇಕ ಇರ್ಲಿ.

ಹತ್ತು ದಿನ ಬಿಡದೆ ಅಳದೆ. ಉಪ್ಪು ಬಿಟ್ಟ ಮರುದಿನ ಎಂಟು ಗೆರಿ, ಅಂದ್ರ ಇಪ್ಪತ್ತು ಪಿಪಿಎಂ. ಆರನೇ ದಿನಕ್ಕ ನೂರೈವತ್ತರ ಆಸುಪಾಸು, ಒಂಬತ್ತನೇ ದಿನಕ್ಕ ನಾಕುನೂರಾ ಐವತ್ತು ದಾಟಿತ್ತು. ಬೋರಿಂದು ನೇರ ಅಳದ್ರ ಆರುನೂರಾ ನಲವತ್ತು. ಮೀಟರ್ ಮಾತ್ರ ಹತ್ತೂ ದಿನ ಅದೇ ಒಂಬೈನೂರು! ಪಾಪ ಮೀನ ಒಂದು ವಾರ ಒಂದು ನೀರು, ಮುಂದಿನ ವಾರ ಇನ್ನೊಂದು ನೀರು.

ನಡುವ ಇನ್ನೊಂದು ನೋಡ್ದೆ. ಟ್ಯಾಂಕಿನ ಅಲಂಕಾರಕ್ಕ ನಮ್ಮ ಸುಣ್ಣದ ಕಲ್ಲಿನ ಫರ್ಸಿ ತುಂಡು ಇಟ್ಟಿದ್ದೆ, ಲಿಂಬಿ ರಸ ಹಾಕಿದ್ರ ಬುರುಬುರು ನೊರಿ ಬಂತು. ಅದೇ ತುಂಡು ಆರ್‌ಒ ನೀರಿನ ಬಕೀಟಿನಾಗ ಇಟ್ಟು ಮೂರು ವಾರ ಬಿಟ್ರ ಗಡಸುತನ ಹದಿನೈದು ಪಿಪಿಎಂ ಇದ್ದದ್ದು ಅರವತ್ತರ ಮ್ಯಾಲ ಹೋಯ್ತು. ಟ್ಯಾಂಕಿಂದ ತಗದು ಹಾಕ್ದೆ. ಬೋರಿನ ನೀರು ಕುದಿಸಿ ತಣ್ಣಗ ಮಾಡಿ ಅಳದ್ರ ನಾಕುನೂರಕ್ಕ ಇಳೀತು, ಗ್ಯಾಸ್ ಖರ್ಚಿಗೆ ಅದು ಪುರಸಂಗಿಲ್ಲ.

ಈಗ ಸಾಫ್ಟ್‌ನರಿಗೆ ಹೋಗೋಕ್ಕಿಂತ ಮೊದಲೇ ಮಾಳಗಿ ಪೈಪಿಗೆ ಒಂದು ನಳ ತಗಸೀನಿ, ಪ್ಲಂಬರಿಗೆ ಮುನ್ನೂರು. ಆರ್‌ಒ ಇಪ್ಪತ್ತು ಲೀಟರಿಗೆ ಬೋರಿಂದು ಮೂರು ಲೀಟರ್, ಅಳದ್ರ ನೂರರ ಹಿಂದ ಮುಂದ, ಪ್ರತಿ ಸಲ ಅಷ್ಟೇ. ಆವಿಯಾಗಿ ಕಮ್ಮಿ ಆದದ್ದಕ್ಕ ಬರೇ ಆರ್‌ಒ ಹಾಕ್ತೀನಿ, ಇಲ್ಲಂದ್ರ ಮೇ ತಿಂಗಳಾಗ ಗಡಸುತನ ಏರ್ತಾನೇ ಹೋಗ್ತದ. ಮೊಟ್ಟಿ ಇಡಿಸೋಕ ಇನ್ನೂ ಕೆಳಗ ಇಳಸ್ತೀನಿ, ಎಷ್ಟಕ್ಕ ಅಂತ ಮೂರನೇ ಬ್ಯಾಚ್ ಆದ ಮ್ಯಾಲ ಹೇಳ್ತೀನಿ. ಅದೇ ಅಂಗಡಿಯವ್ರು ಮೊನ್ನೆ ಎರಡು ಬಾಟ್ಲಿ ನೀರು ತಂದು "ಜರಾ ಅಳದು ಕೊಡ್ರಿ" ಅಂದ್ರು, ಅಳದು ಕೊಟ್ಟೀನಿ.

ಒಂದು ಮಾತ್ರ, ಬಫರಿನಾಗ ಅಮೋನಿಯಾ ಇರ್ತದ. ಆ ಗ್ಲಾಸು, ಸಿರಿಂಜು ಟ್ಯಾಂಕಿನ ಹತ್ರ ಒಯ್ಯಬ್ಯಾಡ್ರಿ, ಅಳದ ನೀರು ಸೀದಾ ಮೋರಿಗೆ.