ನಿಮ್ಮ ಕ್ಲಬ್‌ನ 25ರ ಪಟ್ಟಿ: ಹೋಮ್‌ಗ್ರೋನ್ ಲೆಕ್ಕ ಹಾಕುವುದು ಹೇಗೆ?

ಯುರೋಪಿನಲ್ಲಿ ಬೇಸಿಗೆಯ ಆಟಗಾರರ ಸಂತೆ ಮುಗಿದು ಚಾಂಪಿಯನ್ಸ್ ಲೀಗ್ ಪಟ್ಟಿ ಹೊರಬೀಳುತ್ತಿದ್ದಂತೆ ನಮ್ಮ ಫುಟ್‌ಬಾಲ್ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಪಂಚಾಯ್ತಿ ಶುರುವಾಗುತ್ತದೆ. ‘ಅಷ್ಟು ದುಡ್ಡು ಸುರಿದು ತಂದವನನ್ನು ಯಾಕ್ರೀ ಬಿಟ್ರು?’ ‘ಕೋಚ್‌ಗೂ ಅವನಿಗೂ ಆಗಿಬರಲ್ವಂತೆ.’ ಬಹಳ ಸಲ ಅಲ್ಲಿ ಜಗಳವೂ ಇರುವುದಿಲ್ಲ, ಗಾಯವೂ ಇರುವುದಿಲ್ಲ. ಟೂರ್ನಿಗೆ ಕ್ಲಬ್ ಕೊಡಬೇಕಾದ 25 ಆಟಗಾರರ ಪಟ್ಟಿಯಲ್ಲಿ ಜಾಗ ಇಲ್ಲ, ಅಷ್ಟೇ. ಅದರಲ್ಲಿ ಎಂಟು ಜಾಗ ಹೋಮ್‌ಗ್ರೋನ್ ಆಟಗಾರರಿಗೆ, ಅಂದರೆ ಎಳವೆಯಲ್ಲಿ ಆ ಕ್ಲಬ್‌ನಲ್ಲೋ ಆ ದೇಶದಲ್ಲೋ ಪಳಗಿದವರಿಗೆ. ಆ ಜಾಗದ ಲೆಕ್ಕವನ್ನು ಯಾರು ಬೇಕಾದರೂ ಮನೆಯಲ್ಲೇ ಕೂತು ಹಾಕಬಹುದು. ಆದರೆ ಹಾಕಿದವರಲ್ಲಿ ಹೆಚ್ಚಿನವರು ಒಂದೇ ಕಡೆ ಎಡವುತ್ತಾರೆ. ಆ ಜಾಗಕ್ಕೆ ಬಂದಾಗ ನಿಧಾನಿಸೋಣ.

ಹೆಜ್ಜೆ 1: ಪಾಸ್‌ಪೋರ್ಟ್ ಮರೆತುಬಿಡಿ

ಹೋಮ್‌ಗ್ರೋನ್ ನಿಯಮ ಆಟಗಾರ ಯಾವ ದೇಶದವನು ಎಂದು ಕೇಳುವುದೇ ಇಲ್ಲ. ಕೇಳುವಂತೆಯೂ ಇಲ್ಲ. ಯುರೋಪಿಯನ್ ಒಕ್ಕೂಟದ ದೇಶಗಳ ಆಟಗಾರರಿಗೆ ರಾಷ್ಟ್ರೀಯತೆಯ ಮಿತಿ ಹಾಕುವುದನ್ನು 1995ರ ಡಿಸೆಂಬರ್‌ನ ಬೋಸ್ಮನ್ ತೀರ್ಪು ಅಳಿಸಿಹಾಕಿತು. ಹಾಗಾಗಿ ಯುರೋಪಿನ ಫುಟ್‌ಬಾಲ್ ಆಡಳಿತ ಸಂಸ್ಥೆ ಯುಇಎಫ್‌ಎ 2006-07ರಿಂದ ಬೇರೆ ದಾರಿ ಹಿಡಿಯಿತು: ಎಲ್ಲಿ ಹುಟ್ಟಿದ್ದು ಎನ್ನುವುದು ಬೇಡ, ಎಲ್ಲಿ ಪಳಗಿದ್ದು ಹೇಳಿ.

ನಮ್ಮ ಸಿಇಟಿ ಬರೆಸಿದ ಅಪ್ಪ ಅಮ್ಮಂದಿರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಸರ್ಕಾರಿ ಸೀಟಿಗೆ ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿಯೊಳಗೆ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು ಎಂಬ ನಿಯಮ ಇದೆಯಲ್ಲ, ಇದು ಅದರದೇ ಜಾತಿ. ಇಲ್ಲಿ ಏಳರ ಬದಲು ಮೂರು.

ಲಯೊನೆಲ್ ಮೆಸ್ಸಿ ಅರ್ಜೆಂಟೀನಾದವನಾದರೂ ಹದಿಮೂರರ ಹರೆಯದಲ್ಲೇ ಬಾರ್ಸಿಲೋನಾಗೆ ಬಂದವನು. ನಿಯಮದ ಕಣ್ಣಿಗೆ ಅಪ್ಪಟ ಬಾರ್ಸಿಲೋನಾ ಹುಡುಗ. ಎರಿಕ್ ಡಯರ್‌ದು ತಿರುಗುಮುರುಗು. ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಮುಂದೆ ಆಡಿದ್ದೂ ಇಂಗ್ಲೆಂಡ್ ತಂಡಕ್ಕೆ. ಆದರೆ ಬೆಳೆದದ್ದು ಪೋರ್ಚುಗಲ್‌ನ ಸ್ಪೋರ್ಟಿಂಗ್ ಅಕಾಡೆಮಿಯಲ್ಲಿ. ನಡುವೆ ಸ್ವಲ್ಪ ಕಾಲ ಎವರ್ಟನ್‌ನ ಯುವ ತಂಡಕ್ಕೆ ಎರವಲು ಬಂದಿದ್ದ. ಅದೂ 2014ರಲ್ಲಿ ಟಾಟನ್‌ಹ್ಯಾಮ್ ಸೇರಿದ ಮೇಲಿನದೂ ಕೂಡಿದರೂ ಮೂರು ವರ್ಷ ತುಂಬಲಿಲ್ಲ. ಇಂಗ್ಲೆಂಡಿನಲ್ಲಿ ಆತ ಹೋಮ್‌ಗ್ರೋನ್ ಅಲ್ಲ.

ಅಥ್ಲೆಟಿಕ್ ಬಿಲ್ಬಾವೊ ಬಾಸ್ಕ್ ನಾಡಿನವರನ್ನು ಬಿಟ್ಟು ಬೇರೆಯವರನ್ನು ಆಡಿಸುವುದಿಲ್ಲವಲ್ಲ ಎಂದು ಯಾರಾದರೂ ಎತ್ತುತ್ತಾರೆ. ಅದು ಆ ಕ್ಲಬ್ ತಾನೇ ಹಾಕಿಕೊಂಡ ಪದ್ಧತಿ. ನಮ್ಮ ಐಎಸ್‌ಎಲ್‌ನಲ್ಲಿರುವುದು ವಿದೇಶಿ ಆಟಗಾರರ ಮಿತಿ. ಎರಡನ್ನೂ ಇಲ್ಲಿಗೆ ಎಳೆತರಬೇಡಿ.

ಹೆಜ್ಜೆ 2: ಯಾವ ಟೂರ್ನಿ ಎಂದು ಮೊದಲೇ ಬರೆದುಕೊಳ್ಳಿ

ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ಗೆ ಒಂದು ಲೆಕ್ಕ, ಯುಇಎಫ್‌ಎ ನಡೆಸುವ ಚಾಂಪಿಯನ್ಸ್ ಲೀಗ್‌ಗೆ ಇನ್ನೊಂದು. ಎರಡರಲ್ಲೂ ಪಟ್ಟಿ 25ರದ್ದು, ಹೋಮ್‌ಗ್ರೋನ್ ಅಲ್ಲದವರು ಹೆಚ್ಚೆಂದರೆ 17. ಇಷ್ಟು ನೋಡಿ ಎರಡೂ ಒಂದೇ ಎಂದುಕೊಳ್ಳಬೇಡಿ. ಪ್ರೀಮಿಯರ್ ಲೀಗ್ 2010-11ರಲ್ಲಿ ತಂದ ನಿಯಮ ಸಡಿಲ: 21 ತುಂಬುವ ಸೀಸನ್ ಮುಗಿಯುವುದರೊಳಗೆ ಇಂಗ್ಲೆಂಡ್ ಅಥವಾ ವೇಲ್ಸ್ ಫುಟ್‌ಬಾಲ್ ಸಂಸ್ಥೆಗೆ ಸೇರಿದ ಯಾವುದೇ ಕ್ಲಬ್‌ನಲ್ಲಿ ಮೂರು ವರ್ಷ ಇದ್ದರಾಯಿತು. ಯುಇಎಫ್‌ಎ ಒಂದಿಷ್ಟು ಬಿಗಿ. ಮೂರು ವರ್ಷ 15ರಿಂದ 21ರ ನಡುವೆಯೇ ಆಗಿರಬೇಕು. ಸಾಲದ್ದಕ್ಕೆ, ತನ್ನದೇ ಕ್ಲಬ್‌ನಲ್ಲಿ ಪಳಗಿದವರು ಬೇರೆ, ಅದೇ ದೇಶದ ಇನ್ನೊಂದು ಕ್ಲಬ್‌ನಲ್ಲಿ ಪಳಗಿದವರು ಬೇರೆ ಎಂದು ಎರಡು ಬುಟ್ಟಿ ಇಡುತ್ತದೆ.

ಇಟಲಿ, ಜರ್ಮನಿ ಲೀಗ್‌ಗಳಿಗೂ ಅವರವರದೇ ನಿಯಮಗಳಿವೆ. ಮೊದಲ ಸಲವೇ ಅವುಗಳಿಗೆ ಕೈ ಹಾಕಬೇಡಿ.

ಹೆಜ್ಜೆ 3: ತಾರೀಖುಗಳನ್ನು ಕಲೆಹಾಕಿ

ಹುಟ್ಟಿದ ದಿನ, ಪ್ರತಿ ಕ್ಲಬ್‌ಗೆ ನೋಂದಣಿಯಾದ ದಿನ, ಬಿಟ್ಟ ದಿನ. ಅಷ್ಟೇ ಸಾಕು.

ಆದರೆ ಸಿಕ್ಕಿದಲ್ಲೆಲ್ಲ ಹೆಕ್ಕಬೇಡಿ. ಹೆಸರಿನ ಪಕ್ಕ ಬಾವುಟ ಅಂಟಿಸಿ ‘ಸ್ಥಳೀಯ’, ‘ವಿದೇಶಿ’ ಎಂದು ವಿಂಗಡಿಸಿ ಕೊಡುವ ಪುಕ್ಕಟೆ ಆ್ಯಪ್‌ಗಳು ಈ ಕೆಲಸಕ್ಕೆ ಕಸ. ಅವು ಪಾಸ್‌ಪೋರ್ಟ್ ಎಣಿಸುತ್ತವೆ, ನಮಗೆ ಬೇಕಾದದ್ದು ಅದಲ್ಲ. ‘2019–2022’ ಎಂದು ಬರೀ ಇಸವಿ ಕೊಡುವ ಜಾಲತಾಣಗಳೂ ಅರ್ಧ ದಾರಿಗಷ್ಟೇ ಆಗುತ್ತವೆ, ಯಾಕೆಂದರೆ ಮುಂದಿನ ಹೆಜ್ಜೆಯಲ್ಲಿ ಒಂದೊಂದು ದಿನವೂ ಮುಖ್ಯ. ಆಟಗಾರ ಸೇರಿದಾಗ ಕ್ಲಬ್ ಹೊರಡಿಸಿದ ಪ್ರಕಟಣೆಯನ್ನೇ ಹುಡುಕಿ. ಎಕ್ಸೆಲ್ ಸೂತ್ರವೂ ಬೇಡ. ತಿಂಗಳು ಕಳೆಯುವುದರಲ್ಲಿ ಅದು ಚುರುಕು, ಸೀಸನ್ ಅಂದರೆ ಏನು ಎಂಬುದು ಅದಕ್ಕೆ ತಿಳಿಯದು. ಒಂದು ಹಾಳೆ, ಒಂದು ಅಡ್ಡಗೆರೆ ಸಾಕು.

ಹೆಜ್ಜೆ 4: ಕಿಟಕಿ ಎಳೆಯಿರಿ

ಎಡವಟ್ಟಾಗುವುದು ಇಲ್ಲೇ.

ಅಡ್ಡಗೆರೆಯ ಮೇಲೆ ಎರಡು ಗುರುತು ಹಾಕಿ. ಎಡಗಡೆ, ಆಟಗಾರನಿಗೆ 15 ತುಂಬಿದ ಸೀಸನ್‌ನ ಆರಂಭ. ಬಲಗಡೆ, 21 ತುಂಬಿದ ಸೀಸನ್‌ನ ಕೊನೆ. ಹುಟ್ಟುಹಬ್ಬದ ದಿನಕ್ಕೆ ಗುರುತು ಹಾಕುವುದು ಎಲ್ಲರೂ ಮಾಡುವ ತಪ್ಪು. ಸೀಸನ್‌ನ ನಡುವೆ ಹುಟ್ಟುಹಬ್ಬ ಬಂದರೆ ಇಡೀ ಸೀಸನ್ ಕಿಟಕಿಯ ಒಳಗೇ ಬರುತ್ತದೆ.

ಈಗ ಈ ಕಿಟಕಿಯೊಳಗೆ ಮೂರು ಪೂರ್ತಿ ಸೀಸನ್ ಅಥವಾ 36 ತಿಂಗಳು ಇವೆಯೇ ನೋಡಿ. ಎರಡರಲ್ಲಿ ಯಾವುದು ಆದರೂ ನಡೆಯುತ್ತದೆ, ಬಿಡಿಬಿಡಿಯಾಗಿ ಕೂಡಿದರೂ ನಡೆಯುತ್ತದೆ. ಯುಇಎಫ್‌ಎ ಲೆಕ್ಕದಲ್ಲಿ ‘ಪೂರ್ತಿ ಸೀಸನ್’ ಎಂದರೆ ಆ ದೇಶದ ಲೀಗ್‌ನ ಮೊದಲ ಪಂದ್ಯದಿಂದ ಕೊನೆಯ ಪಂದ್ಯದವರೆಗೆ. ಈ ಒಂದು ಸಾಲನ್ನು ಹಾಳೆಯ ನೆತ್ತಿಯ ಮೇಲೆ ಬರೆದಿಟ್ಟುಕೊಳ್ಳಿ.

ಯಾಕೆ ಎನ್ನುವುದಕ್ಕೆ ಒಂದು ಕಾಲ್ಪನಿಕ ಲೆಕ್ಕ. ಒಬ್ಬ ಬ್ರೆಜಿಲ್ ಹುಡುಗ 2004ರ ಮಾರ್ಚ್ 10ರಂದು ಹುಟ್ಟಿದವನು ಎನ್ನಿ. 2022ರ ಆಗಸ್ಟ್ 30ರಂದು ಇಂಗ್ಲೆಂಡಿನ ಕ್ಲಬ್ ಸೇರಿದ. 21 ತುಂಬಿದ್ದು 2025ರ ಮಾರ್ಚ್‌ನಲ್ಲಿ, ಅಂದರೆ ಕಿಟಕಿ ಮುಚ್ಚುವುದು 2024-25ರ ಸೀಸನ್ ಮುಗಿದಾಗ. ಬೆರಳು ಮಡಚಿ ಎಣಿಸಿದರೆ 2022-23, 2023-24, 2024-25, ಮೂರು ಸೀಸನ್, ಪಾಸು! ಅಲ್ಲ. ಆ ವರ್ಷ ಪ್ರೀಮಿಯರ್ ಲೀಗ್‌ನ ಮೊದಲ ಪಂದ್ಯ ನಡೆದದ್ದು ಆಗಸ್ಟ್ 5ಕ್ಕೆ. ಆತ ಬರುವಷ್ಟರಲ್ಲಿ ಲೀಗ್ ಶುರುವಾಗಿ ಮೂರು ವಾರ ದಾಟಿತ್ತು, ಹಾಗಾಗಿ ಮೊದಲ ಸೀಸನ್ ‘ಪೂರ್ತಿ’ ಅಲ್ಲ. ಉಳಿದದ್ದು ಎರಡು. ಸರಿ, ತಿಂಗಳಲ್ಲಿ ಎಣಿಸೋಣ ಎಂದರೆ 2025ರ ಮೇ ಕೊನೆಗೆ ಸುಮಾರು 33. ಅಲ್ಲೂ ನಪಾಸು. ಅದೇ ಹುಡುಗ ಆಗಸ್ಟ್ 4ಕ್ಕೆ ಸಹಿ ಹಾಕಿದ್ದರೆ ಮೂರೂ ಸೀಸನ್ ಪೂರ್ತಿ. ಇಪ್ಪತ್ತಾರು ದಿನಗಳ ತಡಕ್ಕೆ ಆತ ತನ್ನ ವೃತ್ತಿಜೀವನ ಮುಗಿಯುವವರೆಗೂ ಯುಇಎಫ್‌ಎ ಲೆಕ್ಕದಲ್ಲಿ ಆ ದೇಶದಲ್ಲಿ ಹೋಮ್‌ಗ್ರೋನ್ ಅಲ್ಲದ 17ರ ಗುಂಪಿನವನೇ.

ಬ್ರೆಕ್ಸಿಟ್ ಬಳಿಕ ಇದು ಇನ್ನೂ ಇಕ್ಕಟ್ಟು. 2021ರಿಂದ ಇಂಗ್ಲೆಂಡಿನ ಕ್ಲಬ್‌ಗಳು 18 ತುಂಬದ ಹುಡುಗರನ್ನು ಯುರೋಪಿನಿಂದಲೂ ತರುವಂತಿಲ್ಲ. 18ರಿಂದ 21, ಸರಿಯಾಗಿ ಮೂರೇ ವರ್ಷ. ಒಂದು ಆಗಸ್ಟ್ ತಪ್ಪಿದರೆ ಕಥೆ ಮುಗಿಯಿತು.

ನಿಜವಾದ ಉದಾಹರಣೆ ಬೇಕೇ? ಸೆಸ್ಕ್ ಫ್ಯಾಬ್ರಿಗಸ್. ಹುಟ್ಟಿದ್ದು 1987ರ ಮೇ 4. ಬಾರ್ಸಿಲೋನಾದ ಲಾ ಮಾಸಿಯಾ ಅಕಾಡೆಮಿಯ ಕೂಸು. 2003ರ ಸೆಪ್ಟೆಂಬರ್‌ನಲ್ಲಿ, 16ಕ್ಕೇ ಲಂಡನ್‌ನ ಆರ್ಸೆನಲ್‌ಗೆ ಹಾರಿದ. ಗೆರೆ ಎಳೆಯಿರಿ: 15 ತುಂಬಿದ್ದು 2001-02ರ ಸೀಸನ್‌ನಲ್ಲಿ. ಅಲ್ಲಿಂದ ಬಾರ್ಸಿಲೋನಾದಲ್ಲಿ ಪೂರ್ತಿಯಾಗಿ ಕಳೆದದ್ದು 2001-02 ಮತ್ತು 2002-03, ಎರಡೇ. ಮುಂದಿನದೆಲ್ಲ ಲಂಡನ್‌ನಲ್ಲಿ. 2011ರಲ್ಲಿ ‘ಮನೆಮಗ ಮರಳಿದ’ ಎಂದು ಬಾರ್ಸಿಲೋನಾ ಸಂಭ್ರಮಿಸಿತಲ್ಲ, ಯುಇಎಫ್‌ಎ ಲೆಕ್ಕದಲ್ಲಿ ಆತ ಮನೆಮಗನೇ ಅಲ್ಲ! 2014ರಲ್ಲಿ ಚೆಲ್ಸಿಗೆ ಹೋದಾಗ ಮಾತ್ರ ಸ್ಪೇನ್‌ನ ಈ ವಿಶ್ವಕಪ್ ವಿಜೇತ ಇಂಗ್ಲೆಂಡಿನ ಹೋಮ್‌ಗ್ರೋನ್ ಜಾಗದಲ್ಲಿ ಸಲೀಸಾಗಿ ಕೂತ.

ಇನ್ನೊಬ್ಬನನ್ನು ನೀವೇ ಹಾಕಿ ನೋಡಿ: ಜೂಡ್ ಬೆಲ್ಲಿಂಗ್‌ಹ್ಯಾಮ್, ಹುಟ್ಟಿದ್ದು 2003ರ ಜೂನ್ 29, ಜರ್ಮನಿಯ ಡಾರ್ಟ್‌ಮಂಡ್ ಕ್ಲಬ್‌ನಲ್ಲಿದ್ದದ್ದು 2020ರ ಜುಲೈನಿಂದ 2023ರ ಬೇಸಿಗೆಯವರೆಗೆ. ಉತ್ತರ: ಡಾರ್ಟ್‌ಮಂಡ್‌ಗೆ ಆತ ತನ್ನಲ್ಲೇ ಪಳಗಿದ ಹುಡುಗ. ಎಳವೆಯಿಂದ ಬರ್ಮಿಂಗ್‌ಹ್ಯಾಮ್ ಸಿಟಿಯಲ್ಲಿ ಬೆಳೆದದ್ದರಿಂದ ಪ್ರೀಮಿಯರ್ ಲೀಗ್‌ಗೂ ಹೋಮ್‌ಗ್ರೋನ್.

ಹೆಜ್ಜೆ 5: ಎರವಲು ಹೋದ ಕಾಲವನ್ನು ಕಳೆಯಿರಿ

ಎರವಲು ಹೋದವನ ನೋಂದಣಿಯೂ ಜೊತೆಗೇ ಹೋಗುತ್ತದೆ. ಅದೇ ದೇಶದೊಳಗೆ ಹೋಗಿದ್ದರೆ ದೇಶದ ಲೆಕ್ಕಕ್ಕೆ ಉಂಟು, ಕ್ಲಬ್‌ನ ಲೆಕ್ಕಕ್ಕೆ ಇಲ್ಲ. ಹೊರದೇಶಕ್ಕೆ ಹೋಗಿದ್ದರೆ ಎರಡಕ್ಕೂ ಇಲ್ಲ.

ಹೆಜ್ಜೆ 6: ಬುಟ್ಟಿ ತುಂಬಿ

ಯುಇಎಫ್‌ಎಯ ಎ ಪಟ್ಟಿಯ, ಅಂದರೆ ಮುಖ್ಯ ಪಟ್ಟಿಯ, 25ರಲ್ಲಿ 8 ಜಾಗ ಮೀಸಲು. ಆ ಎಂಟರಲ್ಲಿ ‘ದೇಶದಲ್ಲಿ ಪಳಗಿದವರು’ ನಾಲ್ಕಕ್ಕಿಂತ ಹೆಚ್ಚು ಇರುವಂತಿಲ್ಲ. ಉಳಿದ ನಾಲ್ಕು ಕ್ಲಬ್‌ನದೇ ಬೆಳೆಗೆ. ಬೆಳೆ ಇಲ್ಲವೇ? ಬೇರೆಯವರಿಂದ ತುಂಬುವ ಹಾಗಿಲ್ಲ, ಜಾಗ ಖಾಲಿ ಬಿಡಬೇಕು, ಪಟ್ಟಿಯೇ ಕುಗ್ಗುತ್ತದೆ.

ಒಂದು ಕ್ಲಬ್‌ನಲ್ಲಿ ಸ್ವಂತ ಹುಡುಗರು 2, ದೇಶದಲ್ಲಿ ಪಳಗಿದವರು 6, ಉಳಿದವರು 16 ಎಂದಿಟ್ಟುಕೊಳ್ಳಿ. ಒಟ್ಟು 24. ಪ್ರೀಮಿಯರ್ ಲೀಗ್‌ಗೆ ಏನೂ ತಕರಾರಿಲ್ಲ: ಹೋಮ್‌ಗ್ರೋನ್ 8, ಉಳಿದವರು 16, ಇನ್ನೊಬ್ಬನನ್ನು ಕೊಳ್ಳಲೂ ಜಾಗ ಇದೆ. ಚಾಂಪಿಯನ್ಸ್ ಲೀಗ್‌ಗೆ ಬನ್ನಿ. ಮೀಸಲಿನಲ್ಲಿ 2 ಮತ್ತು 4, ಒಟ್ಟು 6. ದೇಶದಲ್ಲಿ ಪಳಗಿದವರಲ್ಲಿ ಹೆಚ್ಚಾದ ಇಬ್ಬರು 17ರ ಗುಂಪಿಗೆ ಜಾರಿದರು. ಅಲ್ಲಿ ಆಗಲೇ 16 ಜನ. ಹದಿನೆಂಟಾಯಿತು, ಒಬ್ಬ ಹೊರಗೆ. ವಾಟ್ಸ್‌ಆ್ಯಪ್‌ನಲ್ಲಿ ಕೋಚ್ ಮೇಲೆ ಹೊರಿಸಿದ ಜಗಳ ಇಷ್ಟೇ.

ಇದಕ್ಕೆ ಕ್ಲಬ್‌ಗಳು ಕಂಡುಕೊಂಡ ಅಡ್ಡದಾರಿ ಮೂರನೇ ಗೋಲ್‌ಕೀಪರ್. ಎಲ್ಲೋ ದೇಶದಲ್ಲೇ ಪಳಗಿದ ಹಿರಿಯನನ್ನು ತಂದು ಕೂರಿಸಿದರೆ ಒಂದು ಮೀಸಲು ಜಾಗ ತುಂಬಿತು. ನಾರ್ವಿಚ್‌ನಲ್ಲಿ ಬೆಳೆದ ರಾಬ್ ಗ್ರೀನ್ 2018-19ರಲ್ಲಿ ಚೆಲ್ಸಿಗೆ ಒಂದೂ ಪಂದ್ಯ ಆಡದೆ, ಯುರೋಪಾ ಲೀಗ್ ಕಪ್ ಎತ್ತಿ ನಿವೃತ್ತನಾದ. ಲೀಡ್ಸ್‌ನಲ್ಲಿ ಬೆಳೆದ ಸ್ಕಾಟ್ ಕಾರ್ಸನ್ 2019ರಿಂದ ವರ್ಷಗಟ್ಟಲೆ ಮ್ಯಾಂಚೆಸ್ಟರ್ ಸಿಟಿಯಲ್ಲಿದ್ದೂ ಮೈದಾನಕ್ಕಿಳಿದದ್ದು ಬೆರಳೆಣಿಕೆಯಷ್ಟು. ಅವರ ತಪ್ಪೇನಿಲ್ಲ. ನನ್ನ ಮಟ್ಟಿಗೆ ‘ದೇಶದಲ್ಲಿ ಪಳಗಿದವರು’ ಎಂಬ ಬುಟ್ಟಿಯೇ ದಂಡ. ದುಡ್ಡಿದ್ದವರು ಇನ್ನೊಬ್ಬರ ಅಕಾಡೆಮಿಯ ಶ್ರಮವನ್ನು ಕೊಂಡು ತಂದು ‘ನಾವೂ ಬೆಳೆಸಿದೆವು’ ಎಂದು ತೋರಿಸಿಕೊಳ್ಳುವುದಕ್ಕೆ ಅದು ಅನುಕೂಲ. ಬೆಲ್ಜಿಯಂನ ರಾಯಲ್ ಆಂಟ್ವರ್ಪ್ ಕ್ಲಬ್‌ನ ಪ್ರಕರಣದಲ್ಲಿ 2023ರ ಡಿಸೆಂಬರ್ 21ರಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ, ಇಂಥ ನಿಯಮಗಳು ಒಕ್ಕೂಟದ ಕಾನೂನಿಗೆ ವಿರುದ್ಧವಾಗಬಹುದು, ಪರಿಶೀಲಿಸಬೇಕಾದ್ದು ಅಲ್ಲಿನ ಸ್ಥಳೀಯ ನ್ಯಾಯಾಲಯ ಎಂದು ಹೇಳಿತು. ಕ್ಲಬ್‌ನ ಸ್ವಂತ ಬೆಳೆಗೆ ಇಟ್ಟ ನಾಲ್ಕು ಜಾಗ ಉಳಿಯಲಿ, ಇನ್ನೊಂದು ನಾಲ್ಕು ಹೋದರೆ ನನಗೇನೂ ಬೇಸರವಿಲ್ಲ.

ಹೆಜ್ಜೆ 7: ಎಳೆಯರನ್ನು ಪಕ್ಕಕ್ಕೆ ತೆಗೆಯಿರಿ

ಇದನ್ನು ಆರನೇ ಹೆಜ್ಜೆಗಿಂತ ಮೊದಲೇ ಮಾಡಿದರೆ ಇನ್ನೂ ಒಳ್ಳೆಯದು. ಪ್ರೀಮಿಯರ್ ಲೀಗ್‌ನಲ್ಲಿ 21ರೊಳಗಿನವರು ಪಟ್ಟಿಯಲ್ಲಿ ಇರಬೇಕಾಗಿಯೇ ಇಲ್ಲ, ಎಷ್ಟು ಜನರನ್ನಾದರೂ ಆಡಿಸಬಹುದು. 2025-26ಕ್ಕೆ 2004ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರು ಇದರಲ್ಲಿ ಬರುತ್ತಾರೆ. ಯುಇಎಫ್‌ಎಯಲ್ಲೂ ಇಂಥದೊಂದು ಬಿ ಪಟ್ಟಿ ಇದೆ, ಅದಕ್ಕೂ ಸಂಖ್ಯೆಯ ಮಿತಿ ಇಲ್ಲ. ಆದರೆ 15 ತುಂಬಿದ ಮೇಲೆ ಅದೇ ಕ್ಲಬ್‌ನಲ್ಲಿ ಎಡೆಬಿಡದೆ ಎರಡು ವರ್ಷ ಇದ್ದಿರಬೇಕು. ಹಾಗಾಗಿ ನಿನ್ನೆ ಮೊನ್ನೆ ಕೋಟಿಗಟ್ಟಲೆ ಕೊಟ್ಟು ತಂದ 19ರ ಹುಡುಗ ಪ್ರೀಮಿಯರ್ ಲೀಗ್‌ಗೆ ಪುಕ್ಕಟೆ, ಚಾಂಪಿಯನ್ಸ್ ಲೀಗ್‌ಗೆ ಎ ಪಟ್ಟಿಯ ಒಂದು ಜಾಗ ತಿನ್ನುತ್ತಾನೆ. ಪಟ್ಟಿಯಿಂದ ಹೊರಬೀಳುವವರಲ್ಲಿ ಇಂಥವರೂ ಇರುತ್ತಾರೆ.

ಹೆಜ್ಜೆ 8: ತಾಳೆ ನೋಡಿ

ಸಂತೆ ಮುಗಿದ ಮೇಲೆ ಪ್ರೀಮಿಯರ್ ಲೀಗ್ ಮತ್ತು ಯುಇಎಫ್‌ಎ ತಮ್ಮ ಜಾಲತಾಣಗಳಲ್ಲಿ ಪಟ್ಟಿ ಹಾಕುತ್ತವೆ. ನಿಮ್ಮ ಹಾಳೆಯನ್ನು ಪಕ್ಕದಲ್ಲಿಟ್ಟುಕೊಂಡು ಓದಿ. ಎಚ್ಚರ: ಪ್ರೀಮಿಯರ್ ಲೀಗ್ ಪಟ್ಟಿಯಲ್ಲಿ ಹೆಸರಿನ ಪಕ್ಕದ ನಕ್ಷತ್ರ ಹೋಮ್‌ಗ್ರೋನ್‌ಗೆ, ಯುಇಎಫ್‌ಎ ಪಟ್ಟಿಯಲ್ಲಿ ಅದೇ ನಕ್ಷತ್ರ ಬಿ ಪಟ್ಟಿಯವರಿಗೆ. ಎರಡನ್ನೂ ಒಟ್ಟಿಗೆ ತೆರೆದಿಟ್ಟು ನೋಡಿದವರು ಗಲಿಬಿಲಿಯಾಗುವುದು ಖಂಡಿತ.

ಹಾಳೆಯನ್ನು ಬಿಸಾಡಬೇಡಿ. ಜನವರಿ ಸಂತೆಯ ಬಳಿಕ ನಾಕೌಟ್ ಹಂತಕ್ಕೆ ಕ್ಲಬ್‌ಗಳು ಎ ಪಟ್ಟಿಗೆ ಮೂವರು ಹೊಸಬರನ್ನು ಸೇರಿಸಬಹುದು. 17ರ ಗುಂಪು ಭರ್ತಿಯಾಗಿದ್ದರೆ, ಹೊರಗಿನವನೊಬ್ಬ ಒಳಬರಲು ಅಲ್ಲಿಂದಲೇ ಒಬ್ಬ ಏಳಬೇಕು.