ತುರಿಕೆಗೆ ಮದ್ದು ಹಚ್ಚುವ ಮುನ್ನ: ಸಾಕುನಾಯಿ, ಬೆಕ್ಕುಗಳ ಚರ್ಮವನ್ನು ನೋಡಿ ತಿಳಿಯುವ ಕ್ರಮ

ಮಳೆಗಾಲ ಹಿಡಿದು ಎರಡು ವಾರ ಕಳೆಯುವಷ್ಟರಲ್ಲಿ ಮಲೆನಾಡಿನ ನನ್ನ ಚಿಕಿತ್ಸಾಲಯಕ್ಕೆ ಬರುವ ನಾಯಿಗಳ ಪೈಕಿ ಅರ್ಧದಷ್ಟಾದರೂ ಒಂದೇ ದೂರನ್ನು ಹೊತ್ತು ಬರುತ್ತವೆ. ಮೈಯೆಲ್ಲ ಕೆರೆದುಕೊಳ್ಳುತ್ತಿದೆ, ರಾತ್ರಿ ನಿದ್ದೆ ಮಾಡುವುದಿಲ್ಲ, ಮಾಡಲೂ ಬಿಡುವುದಿಲ್ಲ, ಒಂದು ಇಂಜೆಕ್ಷನ್ ಹಾಕಿಕೊಡಿ ಎಂದು ಮನೆಯವರು ಕೇಳುತ್ತಾರೆ. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ತುರಿಕೆಯನ್ನು ತಕ್ಷಣ ಅಡಗಿಸುವ ಸ್ಟೀರಾಯ್ಡ್ ಇಂಜೆಕ್ಷನ್ ಕೆಲವು ರೋಗಗಳಲ್ಲಿ ಉಪಕಾರ ಮಾಡಿದರೆ, ಕೆಲವು ರೋಗಗಳಲ್ಲಿ ಬೆಂಕಿಗೆ ತುಪ್ಪ ಸುರಿದಂತಾಗುತ್ತದೆ. ಇದು ಯಾವ ರೋಗ ಎಂಬುದು ಗೊತ್ತಾಗುವವರೆಗೆ ಆ ಎರಡರಲ್ಲಿ ಯಾವುದು ನಡೆಯುತ್ತದೆಂದು ಹೇಳಲು ಸಾಧ್ಯವಿಲ್ಲ.

ಕೆಲವು ವರ್ಷಗಳ ಹಿಂದೆ ಏಳು ತಿಂಗಳಿನ ಒಂದು ಲ್ಯಾಬ್ರಡಾರ್ ಮರಿಯನ್ನು ನನ್ನಲ್ಲಿಗೆ ತಂದಿದ್ದರು. ಕಣ್ಣಿನ ಸುತ್ತ ನಾಲ್ಕಾಣೆ ಅಗಲದ ಜಾಗದಲ್ಲಿ ಕೂದಲು ಉದುರಿದ್ದಾಗ ಮನೆಯವರು ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಹಚ್ಚಿದ್ದರು. ಅದು ಹರಡಿದಾಗ ಅರಿಸಿನ ಬಳಿದಿದ್ದರು, ಆಮೇಲೆ ಔಷಧದ ಅಂಗಡಿಯಿಂದ ಮನುಷ್ಯರ ಕಜ್ಜಿಗೆಂದು ಕೊಡುವ ಟ್ಯೂಬ್ ತಂದಿದ್ದರು, ಕೊನೆಗೆ ಯಾರಿಂದಲೋ ಎರಡು ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿದ್ದರು. ನಾನು ನೋಡುವ ಹೊತ್ತಿಗೆ ಮುಖ, ಕಾಲು, ಎದೆಯ ಚರ್ಮ ಊದಿ ಕೀವು ಸೋರುತ್ತಿತ್ತು. ಚರ್ಮವನ್ನು ಹಿಂಡಿ, ರಕ್ತ ತುಸು ಒಸರುವವರೆಗೆ ಬ್ಲೇಡಿನಿಂದ ಕೆರೆದು, ಗಾಜಿನ ಮೇಲೆ ಹಾಕಿ ಸೂಕ್ಷ್ಮದರ್ಶಕದಡಿ ಇಟ್ಟಾಗ ಜೀರಿಗೆ ಕಾಳಿನಂಥ ಉದ್ದನೆಯ ನುಸಿಗಳು, ಮುಂದಿನ ತುದಿಯಲ್ಲಿ ಗಿಡ್ಡ ಕಾಲುಗಳನ್ನು ಆಡಿಸುತ್ತ, ರಾಶಿರಾಶಿಯಾಗಿ ಕಂಡವು. ಅದು ಡೆಮೊಡೆಕ್ಸ್. ಈ ಪರೀಕ್ಷೆಗೆ ಹಿಡಿದದ್ದು ಹತ್ತು ನಿಮಿಷ. ಮೊದಲ ದಿನವೇ ಅದನ್ನು ಮಾಡಿದ್ದರೆ ಮರಿ ಎರಡು ತಿಂಗಳು ನರಳಬೇಕಾಗಿರಲಿಲ್ಲ.

ಮನೆಯಲ್ಲಿ ನೋಡುವ ಬಗೆ

ನಾಯಿಯನ್ನೋ ಬೆಕ್ಕನ್ನೋ ಹಗಲು ಬೆಳಕಿನಲ್ಲಿ, ಬಿಳಿಯ ಪಂಚೆ ಅಥವಾ ಹಳೆಯ ಬೆಡ್‌ಶೀಟಿನ ಮೇಲೆ ನಿಲ್ಲಿಸಿಕೊಳ್ಳಿ. ಸ್ನಾನ ಮಾಡಿಸಿದ ದಿನ ನೋಡಬೇಡಿ, ಹಕ್ಕಳೆ, ಹೊಟ್ಟು, ಕೀವುಗುಳ್ಳೆಗಳೆಲ್ಲ ತೊಳೆದುಹೋಗಿ ಸುಳಿವು ಸಿಗುವುದಿಲ್ಲ. ಅರಿಸಿನ ಹಚ್ಚಿದ್ದರೂ ಹಾಗೆಯೇ: ಅರಿಸಿನದಿಂದ ವಿಷವೇನೂ ಆಗದಿದ್ದರೂ ಚರ್ಮ ಕೆಂಪಗಿದೆಯೋ ಕಪ್ಪಾಗಿದೆಯೋ ಎಂಬುದನ್ನು ಅದು ಪೂರ್ತಿ ಮರೆಮಾಚುತ್ತದೆ. ಮೂಗು, ತುಟಿ, ಕಣ್ಣಿನ ಸುತ್ತ, ಕಿವಿಯ ಅಂಚು, ಕಿವಿಯ ಒಳಗೆ, ಪಟ್ಟಿ ಕಟ್ಟಿದ ಕುತ್ತಿಗೆ, ಕಂಕುಳು, ಹೊಟ್ಟೆ, ತೊಡೆಸಂದು, ಬೆರಳುಗಳ ನಡುವೆ, ಬಾಲದ ಬುಡ, ಹೀಗೆ ಒಂದು ಕ್ರಮದಲ್ಲಿ ಕೂದಲನ್ನು ಎದುರುಮುಖವಾಗಿ ಸರಿಸುತ್ತ ನೋಡಿ, ಕಂಡದ್ದನ್ನು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ. ವಾರ ಕಳೆದ ಮೇಲೆ ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ ಎಂಬ ಪ್ರಶ್ನೆಗೆ ನೆನಪಿಗಿಂತ ಚಿತ್ರವೇ ಸರಿಯಾದ ಉತ್ತರ ಕೊಡುತ್ತದೆ.

ರೋಗ ಎಲ್ಲಿ ಶುರುವಾಯಿತು ಎಂಬುದರಲ್ಲಿಯೇ ಅರ್ಧ ಉತ್ತರವಿರುತ್ತದೆ. ಸೊಂಟದ ಹಿಂಭಾಗ, ಬಾಲದ ಬುಡ ಮತ್ತು ತೊಡೆಯ ಹಿಂಬದಿಯನ್ನು ಕಚ್ಚಿಕೊಳ್ಳುವ ನಾಯಿಯಲ್ಲಿ ಮೊದಲು ಚಿಗಟವನ್ನೇ ಸಂದೇಹಿಸಬೇಕು. ಕಿವಿಯ ಅಂಚು, ಮೊಣಕೈ ಮತ್ತು ಹಿಂಗಾಲಿನ ಗಿಣ್ಣಿನಲ್ಲಿ ಹಕ್ಕಳೆ ಕಟ್ಟಿದ್ದು ಹಗಲುರಾತ್ರಿ ಕೆರೆಯುತ್ತಿದ್ದರೆ ಅದು ಅಂಟುಕಜ್ಜಿ ಇರಬಹುದು. ಪಾದ ನೆಕ್ಕುವುದು, ಮುಖ ಉಜ್ಜುವುದು, ಹೊಟ್ಟೆ, ಕಂಕುಳು ಕೆಂಪಾಗುವುದು, ಕಿವಿ ಮತ್ತೆಮತ್ತೆ ಸೋರುವುದು, ಇವೆಲ್ಲ ಒಟ್ಟಿಗೆ ಕಂಡರೆ ಅಲರ್ಜಿಯ ಕಡೆಗೆ ಯೋಚಿಸಬೇಕು. ತುರಿಕೆಯೇ ಇಲ್ಲದೆ ಮೈಯ ಎರಡೂ ಬದಿಯಲ್ಲಿ ಒಂದೇ ರೀತಿ ಕೂದಲು ತೆಳುವಾಗುತ್ತ ಬಂದರೆ ರೋಗದ ಮೂಲ ಚರ್ಮದಲ್ಲಿರುವುದಕ್ಕಿಂತ ಥೈರಾಯ್ಡ್ ಅಥವಾ ಅಡ್ರಿನಲ್ ಗ್ರಂಥಿಯಲ್ಲಿರುವ ಸಾಧ್ಯತೆಯೇ ಹೆಚ್ಚು, ಅಲ್ಲಿ ಬೇಕಾದದ್ದು ರಕ್ತಪರೀಕ್ಷೆ.

ಚಿಗಟ ಮತ್ತು ಉಣುಗು

ಚಿಗಟ ಕಣ್ಣಿಗೆ ಬೀಳದಿದ್ದರೆ ಇಲ್ಲವೆಂದು ಹೇಳಬೇಡಿ. ಹೇನು ತೆಗೆಯುವ ಸೀರಣಿಗೆಯಿಂದ ಬಾಲದ ಬುಡದ ಕೂದಲನ್ನು ಬಾಚಿ, ಉದುರಿದ ಕರಿಯ ಪುಡಿಯನ್ನು ಒದ್ದೆ ಹತ್ತಿಯ ಮೇಲೆ ಹಾಕಿ ಬೆರಳಿನಿಂದ ಮೆಲ್ಲಗೆ ಒತ್ತಿ. ಬರೀ ಮಣ್ಣಾದರೆ ಮಣ್ಣಾಗಿಯೇ ಉಳಿಯುತ್ತದೆ. ಚಿಗಟದ ಹಿಕ್ಕೆಯಾದರೆ ಅರೆನಿಮಿಷದಲ್ಲಿ ಅದರ ಸುತ್ತ ಕೆಂಪು ಮಿಶ್ರಿತ ಕಂದು ಬಣ್ಣ ಹರಡುತ್ತದೆ, ಏಕೆಂದರೆ ಅದು ಜೀರ್ಣವಾದ ರಕ್ತ. ಬೆಕ್ಕು ತನ್ನ ಮೈಯನ್ನು ನೆಕ್ಕಿ ಚಿಗಟಗಳನ್ನೇ ನುಂಗಿಬಿಡುವುದರಿಂದ ಬೆಕ್ಕಿನ ಮಟ್ಟಿಗಂತೂ ಈ ಪುಡಿಯೇ ದೊಡ್ಡ ಸಾಕ್ಷಿ.

ಪ್ರಾಣಿಯ ಮೈಮೇಲೆ ಕಾಣುವ ಚಿಗಟಗಳು ಮನೆಯಲ್ಲಿರುವ ಒಟ್ಟು ಸಂಸಾರದ ನೂರರಲ್ಲಿ ಸುಮಾರು 5 ಭಾಗ ಮಾತ್ರ. ಉಳಿದ 95 ಭಾಗ ಮೊಟ್ಟೆ, ಮರಿಹುಳು ಮತ್ತು ಗೂಡುಗಳ ರೂಪದಲ್ಲಿ ಚಾಪೆ, ಸೋಫಾ, ನೆಲದ ಬಿರುಕುಗಳಲ್ಲಿ ಇರುತ್ತದೆ. ಒಂದು ಹೆಣ್ಣು ಚಿಗಟ ದಿನಕ್ಕೆ 40ರಿಂದ 50 ಮೊಟ್ಟೆಗಳನ್ನು ಇಡಬಲ್ಲದು, ಗೂಡಿನೊಳಗಿನ ಚಿಗಟ ತಿಂಗಳುಗಟ್ಟಲೆ ಕಾಯಬಲ್ಲದು. ಆದ್ದರಿಂದ ಒಂದು ನಾಯಿಗೆ ಒಮ್ಮೆ ಔಷಧ ಹಾಕಿ ಸುಮ್ಮನಾದರೆ ಪ್ರಯೋಜನವಿಲ್ಲ. ಮನೆಯ ಎಲ್ಲ ನಾಯಿ ಬೆಕ್ಕುಗಳಿಗೂ ಒಂದೇ ದಿನ, ಕನಿಷ್ಠ ಮೂರು ತಿಂಗಳು ತಪ್ಪದೆ ಔಷಧ ನಡೆಯಬೇಕು, ಅವು ಮಲಗುವ ಬಟ್ಟೆಯನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಬೇಕು.

ಉಣುಗಿನ ವಿಷಯವೂ ಹೀಗೆಯೇ. ನಮ್ಮ ನಾಯಿಗಳ ಮೇಲಿರುವ ಕಂದು ಉಣುಗು ರಕ್ತ ಕುಡಿದು ಉದುರಿದ ಮೇಲೆ ಗೋಡೆ ಹತ್ತಿ, ಬಿರುಕುಗಳಲ್ಲಿ, ಹೆಂಚಿನ ಸಂದಿಯಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ, ಹಾಗಾಗಿ ನೆಲ ಒರೆಸಿದರಷ್ಟೇ ಸಾಲದು. ಮೈಮೇಲಿನ ಉಣುಗನ್ನು ಚಿಮಟದಿಂದ ಚರ್ಮಕ್ಕೆ ತಾಗುವಂತೆ ಹಿಡಿದು ನೇರವಾಗಿ ಎಳೆದು ಸೋಪಿನ ನೀರಿಗೆ ಹಾಕಿ, ಉಗುರಿನಿಂದ ಅಮುಕಿ ಒಡೆಯಬೇಡಿ. ಉಣುಗು ಕಂಡ ನಾಯಿ ಊಟ ಬಿಟ್ಟರೆ, ಜ್ವರ ಬಂದರೆ, ಒಸಡು ಬಿಳಿಚಿಕೊಂಡರೆ, ಮೂಗಿನಲ್ಲಿ ರಕ್ತ ಬಂದರೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಉಣುಗಿನಿಂದ ರಕ್ತಕ್ಕೆ ಹರಡುವ ಎರ್ಲಿಕಿಯಾ ಅಥವಾ ಬಬೇಸಿಯಾ ಸೋಂಕಿನ ಭಯವಿರುವುದರಿಂದ ಅಂದೇ ರಕ್ತಪರೀಕ್ಷೆ ಮಾಡಿಸಿ. ನಮ್ಮ ಕಡೆಯವರಿಗೆ ಇನ್ನೊಂದು ಮಾತು: 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆಯನ್ನು ಹರಡುವ ಕಾಡುಣುಗು ಬೇರೆ ಜಾತಿಯದು, ಆದರೂ ಕಾಡಂಚಿನಲ್ಲಿ ಅಲೆದು ಬಂದ ನಾಯಿಯನ್ನು ಒಳಗೆ ಬಿಟ್ಟುಕೊಳ್ಳುವ ಮೊದಲು ಅಂಗಳದಲ್ಲಿಯೇ ಮೈ ತಡಕಿ ನೋಡುವುದು ಒಳ್ಳೆಯದು.

ದನಗಳ ಉಣುಗಿಗೆ ಕೊಡುವ ದ್ರಾವಣವನ್ನು ಅಂದಾಜಿನಲ್ಲಿ ನೀರಿಗೆ ಬೆರೆಸಿ ನಾಯಿಗೆ ಸುರಿಯುವುದನ್ನು ದಯವಿಟ್ಟು ನಿಲ್ಲಿಸಿ, ನಾಯಿ ಮೈ ನೆಕ್ಕುವ ಪ್ರಾಣಿ. ತೂಕ ನೋಡಿ ಕೊಡುವ ಫ್ಲುರಾಲನರ್, ಅಫಾಕ್ಸೊಲನರ್ ಮೊದಲಾದ ಗುಂಪಿನ ಮಾತ್ರೆಗಳು ಈಗ ಸಿಗುತ್ತವೆ, ಉಣುಗು, ಚಿಗಟ, ನುಸಿ ಮೂರಕ್ಕೂ ಕೆಲಸ ಮಾಡುತ್ತವೆ. ಆದರೆ ಫಿಟ್ಸ್ ಬರುವ ನಾಯಿಗಳಲ್ಲಿ ಎಚ್ಚರ ಬೇಕೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ತಿಳಿಸಿದೆ, ಆದ್ದರಿಂದ ನಿಮ್ಮ ನಾಯಿಗೆ ಎಂದಾದರೂ ಫಿಟ್ಸ್ ಬಂದಿದ್ದರೆ ವೈದ್ಯರಿಗೆ ಮೊದಲೇ ಹೇಳಿ. ಕುತ್ತಿಗೆಯ ಮೇಲೆ ಹನಿಸುವ ಔಷಧವಾದರೆ ಹಿಂದಿನ ಎರಡು ದಿನ, ಮುಂದಿನ ಎರಡು ದಿನ ಸ್ನಾನ ಬೇಡ.

ಕಜ್ಜಿ ಎಂಬ ಒಂದೇ ಹೆಸರಿನಲ್ಲಿ ಎರಡು ರೋಗ

ನಾವು ಕಜ್ಜಿ ಎನ್ನುವುದರಲ್ಲಿ ಮುಖ್ಯವಾಗಿ ಎರಡು ಬಗೆಯ ನುಸಿಗಳಿವೆ. ಅಂಟುಕಜ್ಜಿ ತರುವ ಸಾರ್ಕಾಪ್ಟಿಸ್ ನುಸಿ ಚರ್ಮದ ಮೇಲ್ಪದರದಲ್ಲಿ ಸುರಂಗ ಕೊರೆಯುತ್ತದೆ, ವಿಪರೀತ ತುರಿಕೆ ತರುತ್ತದೆ, ಒಂದು ನಾಯಿಯಿಂದ ಇನ್ನೊಂದಕ್ಕೆ ಬೇಗ ಹರಡುತ್ತದೆ, ನಾಯಿಯನ್ನು ಎತ್ತಿಕೊಂಡವರ ತೋಳು, ಸೊಂಟದಲ್ಲೂ ಕೆಲವು ದಿನ ಕೆಂಪು ಗುಳ್ಳೆ ಏಳಿಸುತ್ತದೆ. ಡೆಮೊಡೆಕ್ಸ್ ಹಾಗಲ್ಲ: ತಾಯಿಯ ಹಾಲು ಕುಡಿಯುವ ಮೊದಲ ದಿನಗಳಲ್ಲೇ ಮರಿಗೆ ದಾಟಿ, ಕೂದಲಿನ ಬುಡದಲ್ಲಿ ಎಲ್ಲ ನಾಯಿಗಳಲ್ಲೂ ಅಷ್ಟಿಷ್ಟು ಇರುತ್ತದೆ, ರೋಗನಿರೋಧಕ ಶಕ್ತಿ ಕುಂದಿದಾಗ ಹೆಚ್ಚುತ್ತದೆ, ಮನುಷ್ಯರಿಗೆ ಅಂಟುವುದಿಲ್ಲ. ಸಣ್ಣ ಮರಿಗಳಲ್ಲಿ ಒಂದೆರಡು ಕಡೆ ಮಾತ್ರ ಇದ್ದರೆ ಹಲವು ಬಾರಿ ತಾನೇ ವಾಸಿಯಾಗುತ್ತದೆ. ಸ್ಟೀರಾಯ್ಡ್ ಬಿದ್ದರೆ ಮಾತ್ರ ಆ ಲ್ಯಾಬ್ರಡಾರ್ ಮರಿಗಾದ ಗತಿಯೇ. ಸಾರ್ಕಾಪ್ಟಿಸ್ ಕೆರೆತದ ಪರೀಕ್ಷೆಯಲ್ಲಿ ಸಿಗದೆ ತಪ್ಪಿಸಿಕೊಳ್ಳುವುದೂ ಉಂಟು. ಲಕ್ಷಣ ಸ್ಪಷ್ಟವಾಗಿದ್ದರೆ ನುಸಿ ಕಾಣದಿದ್ದರೂ ವೈದ್ಯರು ಚಿಕಿತ್ಸೆ ಕೊಟ್ಟು ನೋಡುವುದು ಅದಕ್ಕಾಗಿಯೇ.

ನುಸಿ ಕೊಲ್ಲುವ ಐವರ್ಮೆಕ್ಟಿನ್ ಇಂಜೆಕ್ಷನ್ ಅಗ್ಗವೆಂದು ಎಲ್ಲ ಕಜ್ಜಿಗೂ ಹಾಕಿಸುವ ರೂಢಿ ಇದೆ. ಕಾಲಿ, ಶೆಟ್‌ಲ್ಯಾಂಡ್ ಶೀಪ್‌ಡಾಗ್, ಆಸ್ಟ್ರೇಲಿಯನ್ ಶೆಫರ್ಡ್ ಮೊದಲಾದ ತಳಿಗಳಲ್ಲಿ ಔಷಧವನ್ನು ಮಿದುಳಿಗೆ ಹೋಗದಂತೆ ತಡೆಯುವ ಜೀನಿನಲ್ಲಿ ದೋಷವಿರಬಹುದಾದ್ದರಿಂದ ಕಜ್ಜಿಗೆ ಕೊಡುವ ಪ್ರಮಾಣದ ಐವರ್ಮೆಕ್ಟಿನ್ ಅವುಗಳ ಪ್ರಾಣಕ್ಕೇ ಎರವಾಗಬಲ್ಲದು. ಮಿಶ್ರತಳಿಯಾದರೂ ಅದರಲ್ಲಿ ಯಾವ ತಳಿ ಬೆರೆತಿದೆ ಎಂಬುದನ್ನು ಗೊತ್ತಿದ್ದಷ್ಟು ಹೇಳಿ.

ಹುಳುಕಡ್ಡಿ

ಹೆಸರಿನಲ್ಲಿ ಹುಳು ಇದ್ದರೂ ಇದು ಶಿಲೀಂಧ್ರ. ಬೆಕ್ಕುಗಳಲ್ಲಿ, ಅದರಲ್ಲೂ ಪರ್ಷಿಯನ್ ಬೆಕ್ಕು ಮತ್ತು ಮರಿಗಳಲ್ಲಿ ಹೆಚ್ಚು. ಮುಖ, ಕಿವಿ, ಮುಂಗಾಲಿನಲ್ಲಿ ಕೂದಲು ಮುರಿದು ಬೂದಿ ಸವರಿದಂತೆ ಕಾಣುತ್ತದೆ. ಕೆಲವು ಬೆಕ್ಕುಗಳು ನೋಡಲು ಆರೋಗ್ಯವಾಗಿದ್ದೂ ಕೂದಲಿನಲ್ಲಿ ರೋಗಬೀಜ ಹೊತ್ತಿರುತ್ತವೆ, ಮನೆಯ ಮಗುವಿನ ಕೆನ್ನೆಯಲ್ಲೋ ಕೈಯಲ್ಲೋ ದುಂಡನೆಯ ಕೆಂಪು ಬಳೆ ಕಂಡಾಗಲೇ ವಿಷಯ ಹೊರಬೀಳುತ್ತದೆ. ನೇರಳಾತೀತ ಬೆಳಕು ಬೀರುವ ವುಡ್ಸ್ ದೀಪದಡಿ ರೋಗದ ಕೂದಲು ಹಸಿರು ಹೊಳೆದರೆ ಗುರುತು ಸುಲಭ, ಹೊಳೆಯದಿದ್ದರೆ ರೋಗವಿಲ್ಲವೆಂದಲ್ಲ, ಕೂದಲನ್ನು ಶಿಲೀಂಧ್ರ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಗೆ ಕಳಿಸಬೇಕು. ಉದುರಿದ ಕೂದಲಿನಲ್ಲಿ ಈ ಬೀಜಾಣುಗಳು ಒಂದು ವರ್ಷಕ್ಕೂ ಹೆಚ್ಚು ಕಾಲ ಬದುಕಬಲ್ಲವು. ಹಾಗಾಗಿ ಬೆಕ್ಕನ್ನು ಸುಲಭವಾಗಿ ಒರೆಸಬಹುದಾದ ಒಂದು ಕೋಣೆಯಲ್ಲಿಟ್ಟು, ದಿನವೂ ಕೂದಲು ಗುಡಿಸಿ ತೆಗೆದು, ವೈದ್ಯರು ಹೇಳಿದಷ್ಟು ವಾರ ಮಾತ್ರೆಯನ್ನೂ ಸ್ನಾನವನ್ನೂ ಬಿಡದೆ ನಡೆಸಿ. ಮನುಷ್ಯರ ಚರ್ಮಕ್ಕೆ ಬಂದದ್ದಕ್ಕೆ ಚರ್ಮವೈದ್ಯರನ್ನೇ ಕಾಣಿ. ಸ್ಟೀರಾಯ್ಡ್ ಬೆರೆತ ಟ್ಯೂಬುಗಳಿಂದ ಹುಳುಕಡ್ಡಿ ನಿಮ್ಮಲ್ಲೂ ಬೆಕ್ಕಿನಲ್ಲೂ ಒಂದೇ ರೀತಿ ಕೆಡುತ್ತದೆ.

ಜಿಡ್ಡು, ವಾಸನೆ ಮತ್ತು ಸ್ನಾನ

ಮಳೆಗಾಲದಲ್ಲಿ ನಾಯಿಯ ಮೈ ಜಿಡ್ಡುಜಿಡ್ಡಾಗಿ, ಹಳೆಯ ಎಣ್ಣೆಯಂಥ ವಾಸನೆ ಬಂದು, ಕುತ್ತಿಗೆ ಮತ್ತು ಕಂಕುಳಿನ ಚರ್ಮ ಆನೆಯ ಚರ್ಮದಂತೆ ದಪ್ಪವಾಗಿ ಕಪ್ಪಾದರೆ ಮಲಸೀಜಿಯಾ ಎಂಬ ಯೀಸ್ಟ್ ಹೆಚ್ಚಾಗಿರಬಹುದು. ಅದು ಕೊಬ್ಬನ್ನು ಉಂಡು ಬೆಳೆಯುವ ಜೀವಿಯಾದ್ದರಿಂದ ಅಂಥ ಚರ್ಮಕ್ಕೆ ಕೊಬ್ಬರಿ ಎಣ್ಣೆ ತಿಕ್ಕುವುದು ಸರಿಯಲ್ಲ. ಕೀವುಗುಳ್ಳೆಗಳು ಒಡೆದು ಅಂಚಿನಲ್ಲಿ ಸಿಪ್ಪೆ ಏಳುವ ದುಂಡು ಗುರುತುಗಳು ಬ್ಯಾಕ್ಟೀರಿಯದ ಸೋಂಕಿನವು. ಎರಡಕ್ಕೂ ಕ್ಲೋರ್‌ಹೆಕ್ಸಿಡಿನ್ ಇರುವ ಶಾಂಪೂ ಉಪಯುಕ್ತ, ಯೀಸ್ಟ್ ಇದ್ದರೆ ಮೈಕೊನಜೋಲ್ ಕೂಡಿರುವುದು ಮೇಲು. ಇಲ್ಲಿ ಬಹಳ ಮಂದಿ ತಪ್ಪುವುದು ಸಮಯದಲ್ಲಿ. ನೊರೆ ಬರಿಸಿದ ಮೇಲೆ ಗಡಿಯಾರ ನೋಡಿಕೊಂಡು 10 ನಿಮಿಷ ಹಾಗೆಯೇ ಬಿಡಬೇಕು, ಬಳಿಕ ಚೆನ್ನಾಗಿ ತೊಳೆದು, ಬೆರಳುಸಂದಿಯವರೆಗೂ ಒಣಗಿಸಬೇಕು. ಮನುಷ್ಯರ ಚರ್ಮ ಆಮ್ಲೀಯ, ನಾಯಿಯದು ಅಷ್ಟು ಆಮ್ಲೀಯವಲ್ಲ, ಮೇಲ್ಪದರವೂ ತೆಳು. ನಮ್ಮ ಸೋಪು, ಶಾಂಪೂಗಳು ಅದಕ್ಕೆ ಹೊಂದುವುದಿಲ್ಲ. ಆಂಟಿಬಯಾಟಿಕ್ ಮಾತ್ರೆಯನ್ನು ನಾಲ್ಕು ದಿನ ಕೊಟ್ಟು ಗುಣವಾಯಿತೆಂದು ನಿಲ್ಲಿಸುವ ಅಭ್ಯಾಸದಿಂದ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಗಳು ಬೆಳೆಯುತ್ತಿರುವುದನ್ನು ನಾನು ಪ್ರಯೋಗಾಲಯದ ವರದಿಗಳಲ್ಲಿ ಕಾಣುತ್ತಿದ್ದೇನೆ, ಇದು ನನಗೆ ನಿಜವಾಗಿಯೂ ಆತಂಕ ತರುತ್ತದೆ.

ಗುಳ್ಳೆ, ಯೀಸ್ಟ್ ಎಲ್ಲ ವಾಸಿಯಾಗಿಯೂ ತಿಂಗಳೆರಡು ತಿಂಗಳಿಗೆ ಮರಳುತ್ತಿದ್ದರೆ ಅಡಿಯಲ್ಲಿ ಅಲರ್ಜಿ ಇರುತ್ತದೆ ಎಂದು ತಿಳಿಯಬಹುದು. ಚಿಗಟವನ್ನು ಪೂರ್ತಿ ನಿವಾರಿಸಿದ ಮೇಲೆಯೇ ಆಹಾರದ ಪರೀಕ್ಷೆಗೆ ಇಳಿಯಬೇಕು. ಮೊಟ್ಟೆ, ಮಾಂಸ ಉಷ್ಣವೆಂದು ಬಿಡಿಸಿ ಮೊಸರನ್ನ ಹಾಕುವವರು ನಮ್ಮಲ್ಲಿ ಅನೇಕ, ಆದರೆ ನಾಯಿಗಳಲ್ಲಿ ಅಲರ್ಜಿ ತರುವ ಆಹಾರಗಳಲ್ಲಿ ದನದ ಮಾಂಸ, ಕೋಳಿ, ಗೋಧಿಯ ಜೊತೆಗೆ ಹಾಲಿನ ಪದಾರ್ಥಗಳೂ ಮುಂಚೂಣಿಯಲ್ಲಿವೆ. ಈ ಪರೀಕ್ಷೆಯೆಂದರೆ ಹಿಂದೆಂದೂ ತಿನ್ನದ ಪ್ರೊಟೀನನ್ನು ಅಥವಾ ಅದಕ್ಕೆಂದೇ ತಯಾರಿಸಿದ ಆಹಾರವನ್ನು 8 ವಾರ, ಬಿಸ್ಕತ್ತು, ಹಾಲು, ಅಜ್ಜಿ ಕೊಡುವ ಚಪಾತಿ ತುಂಡೂ ಇಲ್ಲದೆ ಕೊಡುವುದು, ಆಮೇಲೆ ಹಳೆಯ ಆಹಾರ ಕೊಟ್ಟು ತುರಿಕೆ ಮರಳುವುದೇ ನೋಡುವುದು. ಮನೆಯವರೆಲ್ಲ ಒಪ್ಪದಿದ್ದರೆ ಆರಂಭಿಸದಿರುವುದೇ ಲೇಸು.

ಬೆಕ್ಕಿನ ವಿಷಯದಲ್ಲಿ ಹೆಚ್ಚಿನ ಎಚ್ಚರ

ಬೆಕ್ಕು ಪುಟ್ಟ ನಾಯಿಯಲ್ಲ. ಹಲವು ವಸ್ತುಗಳ ವಿಷವನ್ನು ಇಳಿಸುವ ಶಕ್ತಿ ಅದರ ಯಕೃತ್ತಿಗೆ ಕಡಿಮೆ. ಚಿಗಟ, ಉಣುಗಿಗೆಂದು ನಾಯಿಗೆ ಹನಿಸುವ ಪರ್ಮೆಥ್ರಿನ್ ಎಂಬ ಔಷಧ ಬೆಕ್ಕಿಗೆ ಬಿದ್ದರೆ ಕೆಲವೇ ಗಂಟೆಗಳಲ್ಲಿ ನಡುಕ, ಫಿಟ್ಸ್ ಬಂದು ಸಾಯಬಹುದು. ಫಿನಾಯಿಲ್, ಟೀ ಟ್ರೀ ಎಣ್ಣೆ, ಕರ್ಪೂರ, ಟರ್ಪೆಂಟೈನ್ ಯಾವುದನ್ನೂ ಅದರ ಮೈಗೆ ತಾಗಿಸಬೇಡಿ, ನೋವಿಗೆಂದು ಪ್ಯಾರಾಸಿಟಮಾಲ್ ಕೊಡಲೇಬೇಡಿ. ಹೊಟ್ಟೆಯ ಕೂದಲು ಕತ್ತರಿಸಿದಂತೆ ಬೋಳಾಗಿದ್ದರೆ ಅದು ಉದುರಿದ್ದಲ್ಲ, ಬೆಕ್ಕೇ ನೆಕ್ಕಿ ತೆಗೆದದ್ದು. ಚಿಗಟ, ಅಲರ್ಜಿ, ಕೆಲವೊಮ್ಮೆ ಮೂತ್ರಕೋಶದ ನೋವೂ ಅದಕ್ಕೆ ಕಾರಣ. ಬಿಳಿಯ ಬೆಕ್ಕಿನ ಕಿವಿತುದಿಯಲ್ಲಿ ವಾಸಿಯಾಗದ ಹುಣ್ಣು ಕಂಡರೆ ಬಿಸಿಲಿನಿಂದ ಬರುವ ಕ್ಯಾನ್ಸರ್ ಇರಬಹುದು, ತಡಮಾಡಬೇಡಿ.

ಸೀಮೆಎಣ್ಣೆ, ವಾಹನದ ಹಳೆಯ ಎಂಜಿನ್ ಆಯಿಲ್, ಬ್ಲೀಚಿಂಗ್ ಪೌಡರ್ ನಾಯಿಗೂ ಬೇಡ, ಇವು ಚರ್ಮವನ್ನು ಸುಡುತ್ತವೆ, ನೆಕ್ಕಿದರೆ ಹೊಟ್ಟೆಗೆ ಹೋಗುತ್ತವೆ. ಗಂಟೆಗಳಲ್ಲೇ ಅಂಗೈಯಗಲ ಹರಡುವ ಒದ್ದೆ ಹುಣ್ಣು, ಹುಳು ಬಿದ್ದ ಗಾಯ, ಮುಖದ ಊತ, ಜ್ವರದೊಂದಿಗೆ ಬರುವ ಗುಳ್ಳೆಗಳು, ಇವಕ್ಕೆ ಅಂದೇ ವೈದ್ಯರು ಬೇಕು. ಊರಿನಲ್ಲಿ ಪರೀಕ್ಷೆಯ ಸೌಲಭ್ಯವಿಲ್ಲದಿದ್ದರೆ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್, ಗದಗಿನ ಪಶುವೈದ್ಯಕೀಯ ಕಾಲೇಜುಗಳಿವೆ. ಹೊರಡುವಾಗ ಸ್ನಾನ ಮಾಡಿಸದೆ, ತೆಗೆದ ಚಿತ್ರಗಳನ್ನೂ ಇದುವರೆಗೆ ಹಚ್ಚಿದ, ಕುಡಿಸಿದ ಎಲ್ಲದರ ಟ್ಯೂಬು, ಬಾಟಲಿ, ಚೀಟಿಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ, ಯಾವ ವೈದ್ಯರೂ ಅದಕ್ಕಾಗಿ ನಿಮ್ಮನ್ನು ಗದರಬಾರದು.

ಆ ಲ್ಯಾಬ್ರಡಾರ್ ಮರಿಗೆ ಆರು ವಾರಗಳಲ್ಲಿ ಮುಖದ ಕೂದಲು ಬಂದಿತ್ತು, ಮನೆಯವರು ಔಷಧ ನಿಲ್ಲಿಸಬಹುದೇ ಎಂದು ಫೋನಿನಲ್ಲಿ ಕೇಳಿದರು. ಕೂದಲು ಬಂದ ಮೇಲೂ ನುಸಿ ಉಳಿದಿರುತ್ತದೆ, ತಿಂಗಳ ಅಂತರದಲ್ಲಿ ಎರಡು ಬಾರಿ ಕೆರೆದು ನೋಡಿದಾಗ ಒಂದೂ ಕಾಣದಿದ್ದರೆ ಮಾತ್ರ ನಿಲ್ಲಿಸುವುದು ಎಂದು ತಿಳಿಸಿದೆ. ಮೊದಲ ಬಾರಿ ಗಾಜಿನ ಮೇಲೆ ಇನ್ನೂ ಮೂರು ಇದ್ದವು.